ಚೌಕಿಯ ಚಿತ್ರಕಥೆ: ಕೆಲಸ ಎಲ್ಲಿಯವರೆಗೆ ಬಂದಿದೆ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಒಂದು ಬಣ್ಣದ ವೇಷ (ರಾಕ್ಷಸರಂಥ ಉಗ್ರ ಪಾತ್ರ) ಸಿದ್ಧವಾಗುವುದನ್ನು 24 ಪುಟಗಳ ಕಪ್ಪು ಬಿಳುಪಿನ ಚಿತ್ರಕಥೆಯಾಗಿ (ಕಾಮಿಕ್ಸ್) ಬರೆಯುತ್ತಿರುವ ನನ್ನ ಕೆಲಸ ಈಗ ಅರ್ಧ ದಾಟಿದೆ. ಎಲ್ಲ ಪುಟಗಳ ಕರಡು ವಿನ್ಯಾಸ ಮುಗಿದು, 14ನೇ ಪುಟದವರೆಗೆ ಇಂಕ್ ಆಗಿದೆ. ಮಾತುಗಳ ಅಕ್ಷರ ಬರವಣಿಗೆಯನ್ನು ಮಾತ್ರ ಪೂರ್ತಿ ಬದಿಗಿಟ್ಟು, ಬೇರೆಯದೇ ಕ್ರಮದಲ್ಲಿ ಮತ್ತೆ ಆರಂಭಿಸಿದ್ದೇನೆ. ಈ ಚಳಿಗಾಲದಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಕಾಮಿಕ್ ಕಾನ್‌ಗೂ ಹೋಗಿಬಂದ ಮೇಲೆ ಚಿತ್ರಗಳಲ್ಲಿಯೂ ಅಕ್ಷರಗಳಲ್ಲಿಯೂ ಆದ ಬದಲಾವಣೆಗಳು ಇಷ್ಟೊಂದಿವೆ ಎಂಬ ಕಾರಣಕ್ಕೆ ಈ ಸಲದ ವರದಿಯನ್ನು ಅಲ್ಲಿ ಕಂಡ ಕಲಾವಿದರ ಸುತ್ತಲೇ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದವರು ಚೌಕಿಯಲ್ಲಿ ತಮ್ಮ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತು, ಕನ್ನಡಿ ನೋಡಿಕೊಂಡು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ ಎಂಬುದು ಹಳೆಯ ಕ್ರಮ. ಇವೆಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಚುಟ್ಟಿ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿಯ ಪಾಕವನ್ನು ಕಡ್ಡಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಇಡುತ್ತ, ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದನ್ನು ಏರಿಸುತ್ತ, ಮುಖದ ಮೇಲೆ ಬಿಳಿಯ ಮುಳ್ಳುಗಳ ಸಾಲನ್ನೇ ಎಬ್ಬಿಸುವ ಈ ಕೆಲಸಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಇಡೀ ರಾತ್ರಿಯ ಆಟಗಳು ಕಡಿಮೆಯಾಗಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚಾಗಿರುವ ಈಗಿನ ದಿನಗಳಲ್ಲಿ ಚೌಕಿಯ ಈ ಬಿಡುವಿಲ್ಲದ ನಿಧಾನವನ್ನು ಕಾಗದದ ಮೇಲೆ ಹಿಡಿದಿಡಬೇಕು ಎಂಬ ಆಸೆಯೇ ಈ ಪುಸ್ತಿಕೆಯ ಮೂಲ. ಕಥೆಯೆಂದರೆ ಇಷ್ಟೇ: ಒಬ್ಬ ಹಿರಿಯ ವೇಷಧಾರಿ, ಕನ್ನಡಿ ಹಿಡಿದು ಕುಳಿತ ಒಬ್ಬ ಹುಡುಗ, ರಂಗಸ್ಥಳದಿಂದ ಆಗಾಗ ಕೇಳುವ ಚೆಂಡೆ.

ಇದನ್ನು ಬಣ್ಣದಲ್ಲಿ ಮಾಡದಿರುವುದಕ್ಕೆ ಮುದ್ರಣದ ಖರ್ಚು ಒಂದು ಕಾರಣವಾದರೆ, ಬಣ್ಣದ ವೇಷದ ಭಯ ಬಣ್ಣವಿಲ್ಲದೆಯೂ ನಿಲ್ಲಬಲ್ಲದೇ ಎಂದು ನೋಡುವ ಕುತೂಹಲ ಇನ್ನೊಂದು. ಆದರೆ ಕಪ್ಪು ಬಿಳುಪಿನಲ್ಲಿ ಚುಟ್ಟಿಯನ್ನು ಬರೆಯುವುದು ಹೇಗೆ ಎಂಬ ಪ್ರಶ್ನೆ ಬಹಳ ದಿನ ಕಾಡಿತು. ಮುಖದ ಕಪ್ಪು ಬಳಿದು, ಮೇಲೆ ಬಿಳಿಯ ಇಂಕಿನಿಂದ ಚುಕ್ಕಿ ಇಟ್ಟರೆ ಅವು ಸಪ್ಪಟೆಯಾಗಿ ಕಾಣುತ್ತಿದ್ದವು. ಮುಖದಿಂದ ಎದ್ದು ನಿಂತಂತೆ ತೋರುತ್ತಿರಲಿಲ್ಲ.

ಕುಮಾರಕೃಪಾ ರಸ್ತೆಯಲ್ಲಿ

ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಓಡಾಟ ನಿಲ್ಲುತ್ತದೆ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷದ ಆರಂಭದಲ್ಲಿ ನಡೆಸುವ ಈ ಸಂತೆಗೆ ಹಲವು ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ನೂರು ರೂಪಾಯಿಯ ಪುಟ್ಟ ಚಿತ್ರದ ಪಕ್ಕದಲ್ಲೇ ಲಕ್ಷ ರೂಪಾಯಿಯ ಕ್ಯಾನ್ವಾಸ್ ನಿಂತಿರುತ್ತದೆ. ಗ್ಯಾಲರಿಯಲ್ಲಿ ಚಿತ್ರವಿರುತ್ತದೆ, ಕಲಾವಿದರು ಇರುವುದಿಲ್ಲ; ಇಲ್ಲಿ ಬರೆದವರೇ ಚಿತ್ರದ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ನನ್ನಂಥ ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ಮಧ್ಯಾಹ್ನದ ಜನಸಂದಣಿಯಲ್ಲಿ ಮಾತು ಸಾಗುವುದಿಲ್ಲವಾದ್ದರಿಂದ ಬೆಳಿಗ್ಗೆ ಬೇಗನೆ, ಅವರಿನ್ನೂ ಚಿತ್ರಗಳನ್ನು ಜೋಡಿಸುತ್ತಿರುವಾಗಲೇ ಹೋಗುವುದು ಒಳ್ಳೆಯದು.

ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆಯುವ ಹಿರಿಯ ಕಲಾವಿದರೊಬ್ಬರ ಬಳಿ ಬಹಳ ಹೊತ್ತು ನಿಂತೆ. ಅವರು ಗೆಸ್ಸೊ ಕೆಲಸ ಮಾಡಿ, ಚಿನ್ನದ ರೇಕು ಇನ್ನೂ ಅಂಟಿಸದೆ ಬಿಟ್ಟಿದ್ದ ಒಂದು ಹಲಗೆಯನ್ನು ತಂದಿಟ್ಟಿದ್ದರು. ಮಾರಾಟಕ್ಕಲ್ಲ, ಕೇಳಿದವರಿಗೆ ತೋರಿಸುವುದಕ್ಕೆ. ಬಿಳಿಯ ಪುಡಿಗೆ ಅಂಟು ಕಲಸಿ, ತೆಳುವಾದ ಕುಂಚದಿಂದ ಪದರ ಪದರವಾಗಿ ಏರಿಸಿದ ಆಭರಣದ ಗೆರೆಗಳ ಮೇಲೆ ಬೆರಳಾಡಿಸಲು ಬಿಟ್ಟರು. ತಂಜಾವೂರು ಚಿತ್ರಗಳಲ್ಲಿ ಈ ಉಬ್ಬು ದಪ್ಪನಾಗಿರುತ್ತದೆ. ಮೈಸೂರಿನದು ಕಣ್ಣಿಗಿಂತ ಬೆರಳಿಗೇ ಮೊದಲು ತಿಳಿಯುವಷ್ಟು ಸಣ್ಣದು. ನನ್ನ ಚುಟ್ಟಿಯ ಪುಟಗಳನ್ನು ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಬಿಳಿಯನ್ನು ಮೇಲೆ ಹಾಕುತ್ತಿದ್ದೀಯಲ್ಲಮ್ಮಾ, ಬಿಳಿ ಒಳಗಿನಿಂದ ಬರಬೇಕು. ಇನ್ನೊಂದು ದಿನ ಬಿಡುವಾಗಿ ಬಂದು ಇಲ್ಲೇ ಒಳಗಿರುವ ತೊಗಲುಗೊಂಬೆಗಳನ್ನು ನೋಡು” ಎಂದರು.

ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ನಾಡಿನ ತೊಗಲುಗೊಂಬೆಗಳನ್ನು ಆಸ್ಥೆಯಿಂದ ಸಂಗ್ರಹಿಸಿದವರು. ಅವುಗಳ ಮುಂದೆ ನಿಂತಾಗ ಹಿರಿಯರ ಮಾತು ಅರ್ಥವಾಯಿತು. ಗೊಂಬೆಯ ಕಿರೀಟದ ಮಣಿಗಳು, ಕೊರಳ ಸರ, ಸೀರೆಯ ಅಂಚು ಎಲ್ಲವೂ ಉಳಿಯಿಂದ ಕೊರೆದ ತೂತುಗಳು. ಹಿಂದಿನಿಂದ ದೀಪ ಬಂದಾಗ ಆ ತೂತುಗಳೇ ಬೆಳಕಿನ ಚುಕ್ಕಿಗಳಾಗುತ್ತವೆ. ಸುತ್ತಲಿನ ತೊಗಲು ಗಾಢವಾಗಿ ಉಳಿಯುತ್ತದೆ. ಎಲ್ಲಿ ಕೊರೆಯಬಾರದು ಎಂಬ ಲೆಕ್ಕಾಚಾರ ಅಲ್ಲಿ ಎಲ್ಲಿ ಕೊರೆಯಬೇಕು ಎಂಬುದರಷ್ಟೇ ಮುಖ್ಯ, ಏಕೆಂದರೆ ತೂತುಗಳ ನಡುವೆ ತೊಗಲು ತೀರ ಕಡಿಮೆಯಾದರೆ ಗೊಂಬೆಯೇ ಹರಿಯುತ್ತದೆ.

ಈಗ ಚುಟ್ಟಿಯ ಪುಟಗಳಲ್ಲಿ ಬಿಳಿಯ ಇಂಕ್ ಇಲ್ಲವೇ ಇಲ್ಲ. ಮೊದಲು ಪೆನ್ಸಿಲ್‌ನಲ್ಲಿ ಚುಕ್ಕಿಗಳ ಸಾಲನ್ನು ಗುರುತಿಸಿಕೊಂಡು, ಅವುಗಳ ಸುತ್ತ ಸಣ್ಣ ಕುಂಚದಿಂದ ಕಪ್ಪನ್ನು ತುಂಬುತ್ತೇನೆ. ಚುಕ್ಕಿ ಎಂದರೆ ಮುಟ್ಟದೆ ಬಿಟ್ಟ ಕಾಗದ. ಪ್ರತಿ ಚುಕ್ಕಿಯ ಒಂದು ಬದಿಗೆ ಕೂದಲೆಳೆಯಷ್ಟು ಗೆರೆ ಎಳೆದರೆ ಅದಕ್ಕೆ ಎತ್ತರ ಬರುತ್ತದೆ. ಒಂದು ಮುಖ ಮುಗಿಯಲು ಒಂದು ಸಂಜೆಯೇ ಬೇಕಾಗುತ್ತದೆ, ಆದರೆ 12 ಮತ್ತು 13ನೇ ಪುಟಗಳನ್ನು ಎದುರುಬದುರಾಗಿ ತೆರೆದಿಟ್ಟಾಗ ಕಾಣುವ ಆ ಮುಖ ನಾನು ಚೌಕಿಯಲ್ಲಿ ಕಂಡ ಮುಖಕ್ಕೆ ಮೊದಲ ಬಾರಿಗೆ ಹತ್ತಿರ ಬಂದಿದೆ.

ಆರ್ಟಿಸ್ಟ್ ಆಲಿಯ ಮೇಜುಗಳು

ಕಾಮಿಕ್ ಕಾನ್ ಬೇರೆಯದೇ ಲೋಕ. 2011ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮರುವರ್ಷ ಬೆಂಗಳೂರಿಗೂ ಬಂದ ಈ ಕೂಟ ಈಗ ವೈಟ್‌ಫೀಲ್ಡಿನ ದೊಡ್ಡ ಸಭಾಂಗಣಗಳನ್ನು ತುಂಬುತ್ತದೆ. ವೇಷ ಹಾಕಿಕೊಂಡು ಬರುವ ಹುಡುಗ ಹುಡುಗಿಯರ ಸಂಭ್ರಮವನ್ನು ನೋಡುವುದೇ ಒಂದು ಖುಷಿ. ಅವರಲ್ಲಿ ಕೆಲವರು ರಟ್ಟು, ಫೋಮ್‌ಗಳಿಂದ ತಾವೇ ಕವಚ ಕತ್ತರಿಸಿ ಬಣ್ಣ ಹಚ್ಚಿದ ಬಗೆಯನ್ನು ಕೇಳಿದಾಗ ಚೌಕಿಯ ಕಿರೀಟ ಕಟ್ಟುವವರು ನೆನಪಾಗದಿರಲು ಸಾಧ್ಯವಿರಲಿಲ್ಲ. ಆದರೆ ನಾನು ಹೋದದ್ದು ಆರ್ಟಿಸ್ಟ್ ಆಲಿಗಾಗಿ. ಸಣ್ಣ ಸಣ್ಣ ಮೇಜುಗಳ ಸಾಲಿನಲ್ಲಿ ಕಲಾವಿದರು ತಮ್ಮ ಪ್ರಿಂಟ್, ಸ್ಟಿಕ್ಕರ್, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಇಟ್ಟುಕೊಂಡು ಕೂರುವ ಜಾಗವದು. ಟೋಕಿಯೊದಲ್ಲಿ 1975ರಿಂದ ನಡೆಯುತ್ತಿರುವ ಕಾಮಿಕೆಟ್ ಪೂರ್ತಿಯಾಗಿ ಇಂಥ ಸ್ವಪ್ರಕಟಿತ ಪುಸ್ತಿಕೆಗಳನ್ನೇ ನೆಚ್ಚಿ ಬೆಳೆದ ಕೂಟ. ನಮ್ಮಲ್ಲಿಯೂ ಅಂಥದ್ದೊಂದಕ್ಕೆ ಬೇಕಾದ ಕಲಾವಿದರು ಇದ್ದಾರೆ ಎಂದು ಆ ಸಾಲಿನಲ್ಲಿ ನಡೆದಾಗ ನನಗೆ ದೃಢವಾಯಿತು.

ಒಂದು ವಿಷಯ ಮನಸ್ಸಿಗೆ ನಾಟಿತು. ಮೇಜುಗಳ ಮೇಲೆ ಹೆಚ್ಚಾಗಿ ಕಂಡದ್ದು ಜಪಾನಿನ, ಅಮೆರಿಕದ ಜನಪ್ರಿಯ ಪಾತ್ರಗಳ ಚಿತ್ರಗಳು. ಮೇಜಿನ ಬಾಡಿಗೆ ಹುಟ್ಟಿಸಬೇಕಾದವರು ಕೊಳ್ಳುವವರು ಕೇಳುವುದನ್ನು ಬರೆಯುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಆದರೂ ಅದೇ ಮೇಜಿನ ಒಂದು ಮೂಲೆಯಲ್ಲಿ ತಮ್ಮದೇ ಕಥೆಯ ತೆಳ್ಳನೆಯ ಪುಸ್ತಿಕೆಯನ್ನು ಇಟ್ಟವರನ್ನು ಹುಡುಕಿ ಮಾತನಾಡಿಸಬೇಕು, ಮತ್ತು ಸಾಧ್ಯವಾದರೆ ಆ ಪುಸ್ತಿಕೆಯನ್ನೇ ಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹಾಗೆ ಹುಡುಕುವಾಗ ಸಿಕ್ಕವರು ಹುಬ್ಬಳ್ಳಿಯ ಕಲಾವಿದೆ. ಅವರ ಪುಸ್ತಿಕೆ ಕನ್ನಡದಲ್ಲಿತ್ತು, ಅಕ್ಷರಗಳು ಕೈಬರಹದಲ್ಲಿದ್ದವು. ನನ್ನ 9ನೇ ಪುಟವನ್ನು ಅವರ ಮುಂದಿಟ್ಟು, ಮಾತಿನ ಗುಳ್ಳೆಗಳು ಚಿತ್ರದ ಮೇಲೆ ಅಂಟಿಸಿದಂತೆ ಏಕೆ ಕಾಣುತ್ತಿವೆ ಎಂದು ಕೇಳಿದೆ. ಅವರ ಉತ್ತರ ಎರಡು ಭಾಗವಾಗಿತ್ತು.

ಮೊದಲನೆಯದು ಲಿಪಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಕಾಮಿಕ್ಸ್‌ಗಳಲ್ಲಿ ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯುವುದರಿಂದ ಸಾಲುಗಳು ಒಂದೇ ಎತ್ತರಕ್ಕೆ ಒತ್ತಾಗಿ ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ದಂಥ ಪದದಲ್ಲಿ ಒಂದು ಅಕ್ಷರಕ್ಕೇ ಎರಡೆರಡು ಒತ್ತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಿಭಕ್ತಿ, ಅವ್ಯಯಗಳೆಲ್ಲ ಸೇರಿ ಪದಗಳು ಉದ್ದವಾಗುವುದರಿಂದ ಸಪೂರವಾದ, ಎತ್ತರದ ಗುಳ್ಳೆ ನಮಗೆ ಹೊಂದುವುದಿಲ್ಲ. ಅಗಲವಾದ, ಗಿಡ್ಡನೆಯ ಗುಳ್ಳೆಯೇ ಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಹಾಕುವವರಿಗೆ ಇನ್ನೊಂದು ಸಂಗತಿ: ಫೋಟೋಶಾಪ್‌ನ ಹಳೆಯ ಆವೃತ್ತಿಗಳ ಟೈಪ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಸಂಯೋಜನೆಯನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದು ಬೇರೆಬೇರೆಯಾಗಿ ನಿಲ್ಲುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಯುನಿಕೋಡ್ ಸರಿಯಾಗಿಯೇ ಮೂಡುತ್ತದೆ.

ಎರಡನೆಯದು ಕ್ರಮಕ್ಕೆ ಸಂಬಂಧಿಸಿದ್ದು. “ನೀವು ಮೊದಲ ಮಾತು ಬರೀರಿ, ಆಮ್ಯಾಲೆ ಮುಖಾ ತೆಗೀರಿ” ಎಂದು ಪೆನ್ಸಿಲ್ ತೆಗೆದುಕೊಂಡು ಅಲ್ಲಿಯೇ ಒಂದು ಚೌಕಟ್ಟು ಹಾಕಿ ತೋರಿಸಿದರು. ನನ್ನ ಕರಡಿನಲ್ಲಿ ವೇಷಧಾರಿ ಹುಡುಗನಿಗೆ, “ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ಹಿಡಿ, ಎಡಗಣ್ಣಿನ ಕೆಳಗಿನ ಚುಟ್ಟಿ ನನಗೆ ಕಾಣಿಸುತ್ತಿಲ್ಲ” ಎನ್ನುತ್ತಿದ್ದರು. ಎಡಗಣ್ಣಿನ ಕೆಳಗೆ ಕಡ್ಡಿ ನಿಂತಿರುವುದು ಚಿತ್ರದಲ್ಲೇ ಕಾಣುವಾಗ ಅದನ್ನು ಬಾಯಲ್ಲಿಯೂ ಹೇಳಿಸುವ ಅಗತ್ಯವಿರಲಿಲ್ಲ. ಈಗ ಆ ಚೌಕಟ್ಟಿನ ಮೇಲ್ಭಾಗದಲ್ಲಿ “ಮೇಲೆ ಹಿಡಿ ಮಾರಾಯ” ಎಂಬ ಒಂದೇ ಮಾತು ಇದೆ. ತುಟಿಯ ಬಣ್ಣ ಕದಡದಂತೆ ಬಾಯಿ ಅರ್ಧ ತೆರೆದು ಆಡುವ ಮಾತು ಅದು. ಚುಟ್ಟಿ ಇಡುವಾಗ ಯಾರೂ ಉದ್ದುದ್ದ ವಾಕ್ಯ ಆಡುವುದಿಲ್ಲ ಎಂಬುದು ಚೌಕಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ಅಕ್ಷರಗಳನ್ನು ಚಿತ್ರ ಬರೆದ ಕುಂಚದಿಂದಲೇ ಬರೆಯುತ್ತಿದ್ದೇನೆ, ಹಾಗಾಗಿ ಗೆರೆಯ ದಪ್ಪ ಎರಡರಲ್ಲಿಯೂ ಒಂದೇ ಆಗಿದೆ. ಚೆಂಡೆಯ ಸದ್ದಿಗೆ ಗುಳ್ಳೆಯೇ ಇಲ್ಲ. ಅಕ್ಷರಗಳು ಚೌಕಟ್ಟಿನ ಅಂಚಿನಿಂದ ಒಳಗೆ ಬಂದು, ಪುಟದಿಂದ ಪುಟಕ್ಕೆ ದಪ್ಪವಾಗುತ್ತ ಹೋಗುತ್ತವೆ.

ಅದೇ ಮೇಜಿನ ಬಳಿ ಮಾತಿಗೆ ಸಿಕ್ಕ, ಹಿಂದೆ ವಾರಪತ್ರಿಕೆಗಳಿಗೆ ಕಥಾಚಿತ್ರ ಬರೆಯುತ್ತಿದ್ದ ಹಿರಿಯರೊಬ್ಬರು ಇನ್ನೊಂದು ಸಂಗತಿ ನೆನಪಿಸಿದರು. ದೇಶವೆಲ್ಲ ಓದಿದ ಅಮರ ಚಿತ್ರ ಕಥೆಯ ಮೊದಲ ಸಂಚಿಕೆಗಳು 1965ರಲ್ಲಿ ಬೆಂಗಳೂರಿನಿಂದ, ಕನ್ನಡದಲ್ಲಿ ಹೊರಬಂದವು. ಅವು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು. ಕನ್ನಡದಲ್ಲಿ ಚಿತ್ರಕಥೆ ಓದುವವರು ಯಾರಿದ್ದಾರೆ ಎಂಬ ಮಾತು ಬಂದಾಗಲೆಲ್ಲ ಇದನ್ನು ಹೇಳಬೇಕೆನಿಸುತ್ತದೆ. ಎಂ.ಜಿ. ರಸ್ತೆಯ ಸಮೀಪದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ ಮೂಲಚಿತ್ರಗಳನ್ನು ಹತ್ತಿರದಿಂದ ನೋಡಬೇಕೆಂದು ಸಲಹೆ ಕೊಟ್ಟವರೂ ಅವರೇ. ಮೂಲದಲ್ಲಿ ಪೆನ್ಸಿಲಿನ ಉಳಿಕೆ, ಬಿಳಿ ಬಳಿದು ತಿದ್ದಿದ ಜಾಗ, ಮುದ್ರಕರಿಗೆ ಅಂಚಿನಲ್ಲಿ ಬರೆದ ಸೂಚನೆ ಎಲ್ಲವೂ ಕಾಣುತ್ತವೆ. ಅಚ್ಚಾದ ಪುಟ ಅವನ್ನು ಮುಚ್ಚಿಡುತ್ತದೆ.

ಕೂಟಗಳಿಗೆ ಹೊಸದಾಗಿ ಹೋಗುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, “ನನ್ನ ಚಿತ್ರ ಹೇಗಿದೆ” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಒಂದೇ ಪುಟ ತೋರಿಸಿ, ಒಂದೇ ತೊಡಕನ್ನು ಮುಂದಿಟ್ಟರೆ ಎದುರಿನವರು ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾರೆ. ಕೊಳ್ಳುವವರು ಬಂದಾಗ ಪಕ್ಕಕ್ಕೆ ಸರಿಯಬೇಕು. ಕೇಳದೆ ಫೋಟೊ ತೆಗೆಯಬಾರದು.

ಇನ್ನು ಉಳಿದದ್ದು

ಹುಬ್ಬಳ್ಳಿಯವರು, ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿ, ಮಂಗಳೂರಿನ ಒಬ್ಬ ಚಿತ್ರಕಾರ ಮತ್ತು ನಾನು ಈಗ ಪುಟಗಳನ್ನು ಪರಸ್ಪರ ಕಳುಹಿಸಿ ನೋಡಿಕೊಳ್ಳುತ್ತೇವೆ. ಮಂಗಳೂರಿನವರು ನನ್ನ 16ನೇ ಪುಟದ ಕರಡು ನೋಡಿ, ಚೌಕಿಯಲ್ಲಿ ದೇವರ ಪೆಟ್ಟಿಗೆ ಇರುವ ಕಡೆ ವೇಷಧಾರಿ ಕಾಲು ಚಾಚಿ ಕುಳಿತಂತೆ ಕಾಣುತ್ತದೆ ಎಂದು ಬರೆದರು. ಅಂಥ ಕಣ್ಣು ಜೊತೆಗಿರುವುದು ಎಷ್ಟು ದೊಡ್ಡ ಭಾಗ್ಯ! ಆ ಪುಟದ ನೋಟವನ್ನು ಇನ್ನೊಂದು ದಿಕ್ಕಿನಿಂದ ಬರೆಯುವ ಮೊದಲು ಮತ್ತೊಮ್ಮೆ ಚೌಕಿಯಲ್ಲಿ ಕುಳಿತು ಸ್ಕೆಚ್ ಮಾಡಬೇಕು. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತವೆ. ಆಮೇಲೆ ದೀಪಾವಳಿಯ ನಂತರದ ತಿರುಗಾಟದವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಮೇ ತಿಂಗಳ ಮೂರನೆಯ ವಾರದೊಳಗೆ ಊರಿಗೆ ಹೋಗಿಬರುವುದು ಮೊದಲ ಕೆಲಸ.

ಮುದ್ರಣದ ವಿಷಯ ಬಹುಮಟ್ಟಿಗೆ ನಿರ್ಧಾರವಾಗಿದೆ. ಎ5 ಅಳತೆ, ಸೆಂಟರ್ ಪಿನ್ (ಹಾಳೆಗಳನ್ನು ಮಡಚಿ ನಡುವೆ ಪಿನ್ ಹೊಡೆಯುವುದು). ಪುಟಗಳು ನಾಲ್ಕರ ಗುಣಕದಲ್ಲಿರಬೇಕಾದ್ದರಿಂದ 24 ಸರಿಹೊಂದುತ್ತದೆ. ಗೆರೆಚಿತ್ರವಾದ್ದರಿಂದ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ, ಪುಟದ ಅಂಚಿನಾಚೆಗೆ 3 ಮಿ.ಮೀ. ಹೆಚ್ಚುವರಿ ಬಿಡುತ್ತಿದ್ದೇನೆ. ಹೊಳೆಯುವ ಆರ್ಟ್ ಪೇಪರಿನಲ್ಲಿ ಕಪ್ಪು ಗಾಢವಾಗಿ ಬಂದರೂ ಬೆಳಕು ಬಿದ್ದಾಗ ಮಿನುಗಿ ಚುಟ್ಟಿಯ ಚುಕ್ಕಿಗಳಿಗೆ ಅಡ್ಡಬರುತ್ತದೆ. ಹೊಳಪಿಲ್ಲದ 100 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ ಕಪ್ಪು ಸ್ವಲ್ಪ ಇಂಗಿದಂತಾದರೂ ಬಿಳಿ ಶಾಂತವಾಗಿ ನಿಲ್ಲುತ್ತದೆ. ಸದ್ಯಕ್ಕೆ ಮ್ಯಾಪ್‌ಲಿಥೊ ಕಡೆಗೇ ಮನಸ್ಸಿದೆ. ಆದರೆ ತುಂಬ ಸಣ್ಣ ಚುಕ್ಕಿಗಳು ಇಂಕ್ ಹರಡಿ ಮುಚ್ಚಿಹೋಗುವ ಸಂಭವವಿರುವುದರಿಂದ 12 ಮತ್ತು 13ನೇ ಪುಟಗಳ ಮಾದರಿ ಪ್ರತಿಯನ್ನು ಎರಡೂ ಕಾಗದಗಳಲ್ಲಿ ತೆಗೆಸಿ ನೋಡಬೇಕು.

ಮುಂದಿನ ವರದಿಯ ಹೊತ್ತಿಗೆ 15ರಿಂದ 20ರವರೆಗಿನ ಪುಟಗಳ ಇಂಕ್ ಮುಗಿಸುವ ಉದ್ದೇಶವಿದೆ. 21ನೇ ಪುಟದಲ್ಲಿ ಮಾತೇ ಇಲ್ಲ. ವೇಷ ಎದ್ದು ನಿಲ್ಲುತ್ತದೆ, ಹುಡುಗ ಕನ್ನಡಿ ಕೆಳಗಿಡುತ್ತಾನೆ. ಅಲ್ಲಿ ಇಡೀ ಮುಖವನ್ನು ತೋರಿಸುವುದೋ, ಅಥವಾ ಹುಡುಗನ ಕಣ್ಣಿನ ಎತ್ತರದಿಂದ ಗಲ್ಲ ಮತ್ತು ಚುಟ್ಟಿಯ ಒಂದು ಸಾಲನ್ನು ಮಾತ್ರ ತೋರಿಸುವುದೋ ಎಂದು ಮೂವರನ್ನೂ ಕೇಳಿದ್ದೇನೆ. ಹುಬ್ಬಳ್ಳಿಯವರ ಉತ್ತರ ಬಂದಿದೆ, ಎರಡನೆಯದೇ ಇರಲಿ ಎಂದಿದ್ದಾರೆ. ಉಳಿದಿಬ್ಬರ ಉತ್ತರ ಬಂದ ಮೇಲೆ ಪೆನ್ಸಿಲ್ ಹಾಕುತ್ತೇನೆ.