ಯಾರಿಗೆ ಹುಷಾರಿಲ್ಲ?

ಸೋಮವಾರದಿಂದ ನಮ್ಮ ಮನೆಯಲ್ಲಿ ಇದೊಂದೇ ಪ್ರಶ್ನೆ. ಹಾಲು ಹಾಕದ ಟೀ ಕಣ್ಣಿಗೆ ಬಿದ್ದರೆ ಸಾಕು, ಅತ್ತೆ ಗೋಡೆಗೆ ಒರಗಿ ಕೂತಲ್ಲಿಂದಲೇ ಕೇಳುತ್ತಾರೆ, "ಎವರಿಕಿ ಬಾಗಲೇದು?" ಯಾರಿಗೆ ಹುಷಾರಿಲ್ಲ ಅಂತ. ಅವರ ತವರು ಬಾಗೇಪಲ್ಲಿ ಕಡೆ. ಮದುವೆಯಾಗಿ ಚಿಂತಾಮಣಿ ಕಡೆ ಬಂದು ಐವತ್ತು ವರ್ಷ ದಾಟಿದರೂ ಸಿಟ್ಟು ಮತ್ತು ಲೆಕ್ಕ ಅವರಿಗೆ ತೆಲುಗಿನಲ್ಲೇ ಬರುವುದು. ಈ ಪ್ರಶ್ನೆ ಸಿಟ್ಟಿನದೋ ಲೆಕ್ಕದ್ದೋ ಅಂತ ನನಗೆ ಗೊತ್ತಾಗಿದ್ದು ಗುರುವಾರ.

ಎಲ್ಲಕ್ಕೂ ಕಾರಣ ಬೆಂಗಳೂರಿನಲ್ಲಿರುವ ನನ್ನ ತಮ್ಮ. ಫೋನ್ ಮಾಡು ಅಂದರೆ ಮಾಡುವುದಿಲ್ಲ, ಅದರ ಬದಲು ಏನಾದರೂ ಕೊರಿಯರ್ ಮಾಡುತ್ತಾನೆ. ಈ ಸಲ ಬಂದದ್ದು ಟೀ. ಆರು ಪುಟ್ಟ ಡಬ್ಬಿ, ಒಂದೊಂದರಲ್ಲಿ ಒಂದೊಂದು ಬಗೆ. ಅವನ ಆಫೀಸಿನಲ್ಲಿ ಕೊಟ್ಟಿದ್ದನ್ನೇ ಇತ್ತ ದಾಟಿಸಿದ್ದಾನೆ ಅನ್ನುವುದು ನನ್ನ ಗುಮಾನಿ. ಒಳಗಿದ್ದ ಚೀಟಿಯಲ್ಲಿ 'ನಿಮ್ಮ ಪರಿಶ್ರಮಕ್ಕೆ ಧನ್ಯವಾದ' ಅಂತಿತ್ತು. ಅವನನ್ನು ಎತ್ತಿ ಆಡಿಸಿದ್ದು ಬಿಟ್ಟರೆ ನಾನು ಇನ್ಯಾವ ಪರಿಶ್ರಮ ಪಟ್ಟೆ?

ನಮ್ಮ ಮನೆಯ ಟೀ ಗಟ್ಟಿ ಹಾಲಿನ ಟೀ. ಕಾಳು ಕಾಳಾದ ಪುಡಿ, ಜಜ್ಜಿದ ಶುಂಠಿ, ಸಕ್ಕರೆ ಜಾಸ್ತಿ, ಮೂರು ಸಲ ಉಕ್ಕಿ ಬರಬೇಕು. ಆ ಕಾಳು ಪುಡಿಗೆ ಸಿಟಿಸಿ ಅಂತಾರೆ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಯಂತ್ರವಂತೆ. ಇದನ್ನೆಲ್ಲ ನನಗೆ ಓದಿ ಹೇಳಿದ್ದು ನಮ್ಮ ಮನೆಯವರು. ಡಬ್ಬಿ ಬಂದ ದಿನದಿಂದ ಅವರು ಟೀ ಪಂಡಿತರಾಗಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಟೀ ಪಾತ್ರೆ ತೊಳೆಯದ ಮನುಷ್ಯ ಫೋನಿನಲ್ಲಿ ಮೂರು ನಿಮಿಷದ ಅಲಾರಂ ಇಟ್ಟುಕೊಂಡು ಒಲೆಯ ಮುಂದೆ ನಿಂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಮೊದಲು ತೆಗೆದದ್ದು ಡಾರ್ಜಿಲಿಂಗ್. ಹೆಸರು ದೊಡ್ಡದು. ನಮ್ಮ ದೇಶದಲ್ಲಿ ಜಿಐ, ಅಂದರೆ ಇದು ಇಂಥ ಊರಿನದೇ ಅನ್ನುವ ಗುರುತು ಸಿಕ್ಕ ಮೊದಲ ಪದಾರ್ಥ ಅದೇ, 2004ರಲ್ಲಿ. ನಲ್ಲಿ ನೀರು ಕಾಯಿಸಿ, ಎಲೆ ಹಾಕಿ, ಅಲಾರಂ ಹೊಡೆದ ಮೇಲೆ ಸೋಸಿದರು. ಬಣ್ಣ ಕೊಚ್ಚೆಯ ಬಣ್ಣ. ಫೋಟೋ ತೆಗೆಯುವಷ್ಟರಲ್ಲಿ ಮೇಲೆ ಕೆನೆ ಕಟ್ಟಿತು. ಹಾಲೇ ಇಲ್ಲದ ಟೀಗೆ ಕೆನೆ! ಚಮಚದ ತುದಿಯಿಂದ ಮುಟ್ಟಿದೆ. ಬೇಸಿಗೆಯಲ್ಲಿ ಕೆರೆ ಅಂಗಳ ಬಿರುಕು ಬಿಡುತ್ತದಲ್ಲ, ಹಾಗೆ ಬಿಲ್ಲೆ ಬಿಲ್ಲೆಯಾಗಿ ಒಡೆದು ಬೇರೆ ಬೇರೆಯಾಯಿತು. ಲೋಟದ ಒಳಗೆ ಸುತ್ತಲೂ ಒಂದು ಕಂದು ಗೆರೆ. ಕುಡಿದರೆ ಸೀಮೆಸುಣ್ಣ ನೆಕ್ಕಿದ ಹಾಗೆ.

ತಪ್ಪು ಡಾರ್ಜಿಲಿಂಗಿನದಲ್ಲ. ನಮ್ಮದು ಸಾವಿರ ಅಡಿಗಿಂತ ಕೆಳಗಿಂದ ಮೇಲೆ ಬಂದ ಬೋರ್ ನೀರು. ಅದರಲ್ಲಿರುವ ಸುಣ್ಣಕ್ಕೂ ಟೀಯ ಒಗರಿಗೂ ಕೂಡಿಬಂದರೆ ಮೇಲೆ ಈ ಪೊರೆ ಏಳುತ್ತದೆ. ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದೂ ಇದೇ ಸುಣ್ಣ. ದಿನಾ ಬೆಳಗ್ಗೆಯ ಟೀಯಲ್ಲೂ ಇದು ಆಗುತ್ತಲೇ ಇದ್ದಿರಬೇಕು. ನಾವು ಹಾಲಿನ ಕೆನೆ ಅಂದುಕೊಂಡು, ಹಾಲಿನವನನ್ನು ಮನಸ್ಸಿನಲ್ಲೇ ಹೊಗಳಿಕೊಂಡು ಕುಡಿಯುತ್ತಿದ್ದೆವು.

ಮಂಗಳವಾರ ಐದು ರೂಪಾಯಿ ನಾಣ್ಯ ಹಾಕಿ ಘಟಕದಿಂದ ಒಂದು ಕ್ಯಾನ್ ಫಿಲ್ಟರ್ ನೀರು ತಂದರು. ಅದೇ ಡಬ್ಬಿ, ಅದೇ ಚಮಚ, ಅದೇ ಅಲಾರಂ. ಬೇರೆಯದೇ ಟೀ. ತಳ ಕಾಣುವ ಹಾಗಿನ ಜೇನು ಬಣ್ಣ. ಗುಟುಕು ಒಳಗೆ ಹೋದ ಮೇಲೆ ನಾಲಿಗೆಯ ಬದಿಗಳಲ್ಲಿ ಸ್ವಲ್ಪ ಒಗರು ಉಳಿಯುತ್ತೆ. ನಮ್ಮ ಕಡೆಯ ಕಪ್ಪು ದ್ರಾಕ್ಷಿ ತಿಂದು ಕೊನೆಗೆ ಸಿಪ್ಪೆ ಜಗಿಯುತ್ತೇವಲ್ಲ, ಹಾಗೆ. ನಾನು ಹಾಗಂದ ಮೇಲೆ ಮನೆಯವರು ಫೋನ್ ನೋಡಿ, ತಿಳಿದವರೂ ಇದನ್ನು ಮಸ್ಕಟ್ ದ್ರಾಕ್ಷಿಗೆ ಹೋಲಿಸುತ್ತಾರೆ ಅಂದರು. ಆ ಇಡೀ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಒಳಗಿಂದ ಬಂತು, "ಎವರಿಕಿ ಬಾಗಲೇದು?"

"ಎಲ್ಲರೂ ಚೆನ್ನಾಗಿದ್ದೀವಿ ಅತ್ತೆ, ಸುಮ್ನೆ ರುಚಿ ನೋಡ್ತಿದ್ದೀವಿ."

ಅವರು ಲೋಟದೊಳಗೆ ಇಣುಕಿ, ನನ್ನ ಮುಖ ನೋಡಿ, ಮತ್ತೆ ಲೋಟ ನೋಡಿ ಹೋದರು. ನಂಬಲಿಲ್ಲ ಅನ್ನುವುದು ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

ಅರ್ಲ್ ಗ್ರೇ ಡಬ್ಬಿ ತೆಗೆದಾಗ ಮನೆಯವರು ಕಾರಿನೊಳಗೆ ತೂಗುಹಾಕುವ ಸುಗಂಧದ ವಾಸನೆ ಅಂದರು. ನನಗೆ ಬಂದದ್ದು ದೇವನಹಳ್ಳಿ ಚಕ್ಕೋತದ ನೆನಪು. ದಪ್ಪ ಸಿಪ್ಪೆಗೆ ಉಗುರು ಇಳಿಸಿದ ತಕ್ಷಣ ಮುಖಕ್ಕೆ ಚಿಮ್ಮುವ ಎಣ್ಣೆಯ ಘಾಟು. ಇದರಲ್ಲಿರುವುದೂ ಬರ್ಗಮಾಟ್ ಅನ್ನುವ ಹುಳಿ ಹಣ್ಣಿನ ಸಿಪ್ಪೆ ಎಣ್ಣೆಯೇ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ ಬೆಳೆಯುತ್ತಾರೆ. ನಮ್ಮೂರಿನವರು ಯಾರಾದರೂ ಚಕ್ಕೋತದ ಸಿಪ್ಪೆ ಎಸೆಯುವ ಮುಂಚೆ ಒಂದು ಸಲ ಟೀಯಲ್ಲಿ ಅದ್ದಿ ನೋಡಬಾರದೇ ಅನ್ನಿಸಿತು.

ಮಲ್ಲಿಗೆಯದನ್ನು ಹಾಳು ಮಾಡಿದ್ದು ನಾನೇ. ಗ್ರೀನ್ ಟೀಗೆ ಕುದಿಯುವ ನೀರು ಆಗದು, 80 ಡಿಗ್ರಿಯ ಆಸುಪಾಸು ಇರಬೇಕು ಅಂತ ಡಬ್ಬಿಯ ಮೇಲೇ ಬರೆದಿತ್ತು. ನಾನು ಅಭ್ಯಾಸಬಲದಿಂದ ಮೂರು ಸಲ ಉಕ್ಕಿಸಿದೆ. ಬೇವಿನ ಕಷಾಯ! ಎರಡನೇ ಸಲ ನೀರು ಆರಲು ಬಿಟ್ಟು ಹಾಕಿದಾಗ ಸರಿಬಂತು. ಚೀನಾದಲ್ಲಿ ಇದನ್ನು ಮಾಡುವ ಕ್ರಮ ಕೇಳಿ ನನಗೆ ಖುಷಿಯಾಯಿತು. ಹಗಲು ಮೊಗ್ಗು ಬಿಡಿಸಿ, ರಾತ್ರಿ ಅರಳುವ ಹೊತ್ತಿಗೆ ಟೀ ಎಲೆಯ ಜೊತೆ ಬೆರೆಸಿಡುತ್ತಾರೆ. ಎಲೆ ವಾಸನೆ ಕುಡಿದ ಮೇಲೆ ಹೂ ಬೇರೆ ಮಾಡುತ್ತಾರೆ. ಒಳ್ಳೆಯದಕ್ಕೆ ಹೀಗೆ ಹಲವು ರಾತ್ರಿ. ಅತ್ತೆಗೆ ಹೇಳಿದೆ. "ಮುಡಿಯೋ ಹೂನ ಯಾಕಮ್ಮ ಕುಡೀತೀರ?" ಅಂದರು. ಆಮೇಲೆ ಎಂದಿನ ಪ್ರಶ್ನೆ.

ಕ್ಯಾಮೊಮೈಲ್ ಬಗ್ಗೆ ಹೇಳುವಂಥದ್ದೇನಿಲ್ಲ. ಅದು ಟೀ ಗಿಡದ್ದೇ ಅಲ್ಲ, ಒಣಗಿದ ಹೂ. ನಿದ್ದೆ ಬರಿಸುತ್ತೆ ಅಂತಾರೆ. ನನಗೆ ಅದಿಲ್ಲದೆಯೂ ಬರುತ್ತೆ. ಕಾಶ್ಮೀರದವರ ಕಹ್ವಾ ಟೀ ಮಾತ್ರ ಪಾಯಸಕ್ಕೆ ಹಾಕುವ ಕೇಸರಿ, ಏಲಕ್ಕಿ, ಬಾದಾಮಿ ಎಲ್ಲ ಹಾಕಿ ಪಾಯಸ ಮಾಡುವುದನ್ನೇ ಮರೆತ ಹಾಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಗ್ರೀನ್ ಟೀ ಕುಡಿದರೆ ಸಣ್ಣಗಾಗುತ್ತಾರೆ ಅಂತ ವರ್ಷದಿಂದ ಕುಡಿಯುತ್ತಿದ್ದಾರೆ, ಜೊತೆಗೆ ಎರಡು ಆಲೂಗೆಡ್ಡೆ ಬೋಂಡ. ಅವರಿಗೆ ಈ ಎರಡೂ ಡಬ್ಬಿ ಕೊಟ್ಟುಬಿಟ್ಟೆ.

ಗುರುವಾರ ಸಂಜೆ ಮತ್ತೆ ಡಾರ್ಜಿಲಿಂಗ್. ಮತ್ತೆ, "ಎವರಿಕಿ ಬಾಗಲೇದು?" ನನಗೂ ರೇಗಿತು. ನಾಲ್ಕು ದಿನದಿಂದ ಹೇಳುತ್ತಿದ್ದೇನಲ್ಲ.

"ಯಾಕತ್ತೆ, ಹುಷಾರಿಲ್ಲದವರೇ ಕುಡೀಬೇಕಾ ಇದನ್ನ? ನೀವು ಹಾಲಿಲ್ಲದ ಟೀ ಯಾವತ್ತೂ ಕುಡಿದಿಲ್ವಾ?"

ಅವರು ನಕ್ಕರು. ಕಾಲು ನೀಡಿಕೊಂಡು, ಮಂಡಿ ನೀವಿಕೊಳ್ಳುತ್ತಾ ಹೇಳಿದರು. "ಇಪ್ಪತ್ತು ವರ್ಸ ಅದೇ ಕುಡಿದಿದ್ದು ಅಮ್ಮಣ್ಣಿ. ಎಲ್ಡು ಸೀಮೆ ಹಸ ಇದ್ವು. ಬೆಳಗ್ಗೆ ಸಂಜೆ ಡೇರಿಗೆ ಹಾಕೋದು. ಮನೆಗೆ ಅಂತ ಅರ್ಧ ಲೀಟರ್ ಎತ್ತಿಡೋದು. ಅದು ನಿಮ್ಮ ಮಾವಂಗೆ, ಮಕ್ಕಳಿಗೆ, ಬಂದೋರಿಗೆ. ಮಿಕ್ಕರೆ ನಂಗೆ."

"ಮಿಗ್ತಿತ್ತಾ?"

"ಯಾಕೆ ಮಿಗುತ್ತೆ? ಒಂದು ಲೋಟ ಜಾಸ್ತಿ ಎತ್ತಿಟ್ರೆ ಬಟವಾಡೇಲಿ ಗೊತ್ತಾಗೋದು. ಬೂಸಾ, ಹಿಂಡಿ ದುಡ್ಡು ಹಿಡ್ಕೊಂಡು ಮಿಕ್ಕಿದ್ದು ಕೊಡೋರು. ಇವನ ಫೀಸು ಅದರಲ್ಲೇ ಕಟ್ಟಬೇಕಿತ್ತು."

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಂಥ ಮಾತು ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಸಿಗುತ್ತೆ. ಅತ್ತೆ ಮುಂದೆ ಹೇಳಿದ್ದು ಇದು. ಬಿಡುವಿನ ಹೊತ್ತಲ್ಲಿ ಪಕ್ಕದ ಮನೆಯವರು ಬಂದು ಕೂರುತ್ತಿದ್ದರಂತೆ. ಇವರ ಲೋಟದಲ್ಲಿ ಬರೀ ಡಿಕಾಕ್ಷನ್ ನೋಡಿ, ಹುಷಾರಿಲ್ವಾ ಅಂತ ಕೇಳುತ್ತಿದ್ದರಂತೆ.

"ನೀವೇನಂತಿದ್ರಿ?"

"ತಲೆನೋವು ಅಂತಿದ್ದೆ. ಮನೇಲಿ ಎಲ್ಡು ಹಸ ಇಟ್ಕಂಡು ಹಾಲಿಲ್ಲ ಅನ್ನಕ್ಕಾಗುತ್ತಾ?"

ಮನೆಯವರು ಲೋಟ ಕೆಳಗಿಟ್ಟರು. ಅವರ ಬಾಲ್ಯವೆಲ್ಲ ಅಮ್ಮನಿಗೆ ತಲೆನೋವು. ಅಮ್ಮನ ಹತ್ತಿರ ಗಲಾಟೆ ಮಾಡಬೇಡಿ, ಅವಳಿಗೆ ತಲೆನೋವು ಅಂತ ಅಪ್ಪ ಗದರುತ್ತಿದ್ದರಂತೆ. ಮೊದಲ ಸಂಬಳದಲ್ಲಿ ಇವರು ಅಮ್ಮನಿಗೆ ಒಂದು ಸೀರೆ, ಎರಡು ಬಾಟಲಿ ಅಮೃತಾಂಜನ ತಂದಿದ್ದರು. ಅದನ್ನು ಅತ್ತೆ ಮಂಡಿಗೆ ಹಚ್ಚಿ ಖಾಲಿ ಮಾಡಿದರಂತೆ. ಅದನ್ನೂ ಅವತ್ತೇ ಹೇಳಿದರು, ನಗುತ್ತಲೇ.

ಇಪ್ಪತ್ತು ವರ್ಷ ತಲೆನೋವು. ನನಗೆ ಅವತ್ತಿನಿಂದ ಇದು ತಲೆಯಿಂದ ಹೋಗುತ್ತಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ನೆನಪಾಗುತ್ತೆ, ಬಸ್ಸಿನಲ್ಲಿ ನೆನಪಾಗುತ್ತೆ. ಮಾವನಿಗೆ ಗೊತ್ತಿತ್ತಾ? ಒಳ್ಳೆಯ ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಕೂತು ಪಕ್ಕದ ಲೋಟದ ಬಣ್ಣ ನೋಡದವರನ್ನು ಏನನ್ನಬೇಕು? ಪಕ್ಕದ ಮನೆಯವರಿಗೂ ಗೊತ್ತಿಲ್ಲದೆ ಇರಲಿಲ್ಲ ಅನ್ನಿಸುತ್ತೆ. ಅವರ ಮನೆಯಲ್ಲೂ ಹಸು ಇತ್ತು, ಅವರೂ ಡೇರಿಗೆ ಹಾಕುತ್ತಿದ್ದರು. ಬಹುಶಃ ಅವರಿಗೂ ಬೇರೆ ಯಾರದೋ ಜಗಲಿಯ ಮೇಲೆ ತಲೆನೋವು ಬರುತ್ತಿತ್ತು. ಅವಿಭಜಿತ ಕೋಲಾರ ಜಿಲ್ಲೆಯನ್ನು ಹಾಲಿನ ಜಿಲ್ಲೆ ಅಂತ ಭಾಷಣದಲ್ಲಿ ಹೇಳುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದ ಮೇಲೆ ಎರಡು ಕಡೆಯ ವೇದಿಕೆಯಲ್ಲೂ ಹೇಳುತ್ತಾರೆ. ಕ್ಯಾನಿಗೆ ಬಿದ್ದ ಹಾಲಿನ ಲೆಕ್ಕ ಪಾಸ್‌ಬುಕ್ಕಿನಲ್ಲಿದೆ. ಲೋಟಕ್ಕೆ ಬೀಳದ ಹಾಲಿನ ಲೆಕ್ಕ ಅತ್ತೆಯ ಹತ್ತಿರ ಇತ್ತು, ಅದೂ ತೆಲುಗಿನಲ್ಲಿ.

ಅದೇ ರಾತ್ರಿ ಮನೆಯವರ ಫೋನಿನಲ್ಲಿ ಒಬ್ಬ ಟೀ ಪರಿಣತ ಬಂದ. ಒಳ್ಳೆಯ ಎಲೆಗೆ ಹಾಲು ಹಾಕುವುದು ಅಪರಾಧ ಅಂತ ಕೈ ಆಡಿಸಿ ಹೇಳುತ್ತಿದ್ದ. ಅವನು ಹೇಳುವುದು ಸುಳ್ಳಲ್ಲ, ಹಾಲು ಬಿದ್ದರೆ ಡಾರ್ಜಿಲಿಂಗಿನ ಆ ದ್ರಾಕ್ಷಿ ಸಿಪ್ಪೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಆದರೂ ನನಗೆ ಅವನ ಮೇಲೆ ಸಿಟ್ಟು ಬಂತು. ಮನೆಯವರು ಸುಮ್ಮನೆ ಫೋನ್ ಆರಿಸಿದರು.

ಶುಕ್ರವಾರದಿಂದ ಅತ್ತೆಗೂ ಒಂದು ಲೋಟ. "ನಂಗೆ ಹಾಲು ಹಾಕು. ಇದಕ್ಕೆ ಹಾಕಬಾರದು, ಅದಕ್ಕೆ ಹಾಕಬಾರದು ಅನ್ನಬೇಡ. ನಾನು ಕುಡಿದಿದ್ದು ಸಾಕು" ಅಂದರು. ಹಾಕಿದೆ. ಅರ್ಲ್ ಗ್ರೇ ಹಾಲಿಗೆ ಒಗ್ಗಿತು. ಮಲ್ಲಿಗೆಗೆ ಹಾಲು ಬೆರೆಸಿದ್ದು ಘೋರ, ಆದರೆ ಲೋಟ ಖಾಲಿಯಾಗಿಯೇ ಬಂತು. ಡಾರ್ಜಿಲಿಂಗಿಗೆ ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಹಾಕುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಇನ್ನಷ್ಟು ಹಾಕಿದೆ.

ಉಳಿದದ್ದು ಕೊನೆಯ ಡಬ್ಬಿ. ಮೇಲೆ ಅಂಗಳದ ಕೆಂಪು ದಾಸವಾಳದ ಚಿತ್ರ. ನಿನ್ನೆ ಭಾನುವಾರ ಅದನ್ನು ತೆಗೆದೆವು. ಒಳಗೆ ಒಣಗಿದ ಕಡುಗೆಂಪು ಚೂರುಗಳು. ಅತ್ತೆ ನಾಲ್ಕು ಚೂರು ಅಂಗೈಗೆ ಹಾಕಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಒಂದನ್ನು ಹಲ್ಲಿನಲ್ಲಿ ಕಚ್ಚಿದರು. "ದಾಸವಾಳ ಎಲ್ಲಿಂದ ಬಂತು? ಇದು ಗೋಂಗೂರ" ಅಂದರು.

ಮನೆಯವರು ಫೋನ್ ತೆಗೆದರು. ಅತ್ತೆ ಹೇಳಿದ್ದೇ ಸರಿ. ದಾಸವಾಳದ ಟೀ ಅಂತ ಮಾರುವುದು ಅಂಗಳದ ದಾಸವಾಳದ್ದಲ್ಲ, ಅದೇ ಜಾತಿಯ ಇನ್ನೊಂದು ಗಿಡದ್ದು. ಉತ್ತರ ಕರ್ನಾಟಕದವರ ಪುಂಡಿಪಲ್ಯೆ, ತೆಲುಗಿನವರ ಗೋಂಗೂರ. ಹೂ ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗಾಗುವ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸುತ್ತಾರೆ. ಬಾಗೇಪಲ್ಲಿಯಲ್ಲಿ ಹುಟ್ಟಿದ ನಾಲಿಗೆಗೆ ಮೋಸ ಮಾಡಲು ಡಬ್ಬಿಯ ಚಿತ್ರದಿಂದ ಆಗಲಿಲ್ಲ.

ನೀರಿಗೆ ಹಾಕಿದರೆ ಬೀಟ್‌ರೂಟ್ ಬಣ್ಣ, ಒಳ್ಳೆಯ ಹುಳಿ. ನನಗೆ ಆರರಲ್ಲೂ ಇದೇ ಇಷ್ಟವಾಯಿತು. ಅತ್ತೆ ಲೋಟ ಮುಂದೆ ಮಾಡಿದರು. "ಹಾಲು."

"ಒಡೆದುಹೋಗುತ್ತೆ ಅತ್ತೆ, ಹುಳಿ ಇದೆ."

"ಹಾಕಮ್ಮಾ."

ಹಾಕಿದೆ. ಕಣ್ಣೆದುರೇ ಒಡೆಯಿತು. ನಸುಗೆಂಪು ಬಣ್ಣದ ಸಣ್ಣ ಸಣ್ಣ ಗಡ್ಡೆ ಮೇಲೆ, ಕೆಳಗೆ ತಿಳಿ. ಚೆಲ್ಲಲು ಸಿಂಕಿನ ಕಡೆ ತಿರುಗಿದೆ. ಅವರು ಮಂಡಿ ನೋವನ್ನೂ ಮರೆತು ಎದ್ದು ಬಂದು ಲೋಟ ಕಿತ್ತುಕೊಂಡರು. ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಹಿಂಡಿ, ಉಳಿದ ಗುಲಾಬಿ ಮುದ್ದೆಗೆ ಬೆಲ್ಲ ಹೆರೆದು, ಏಲಕ್ಕಿ ಪುಡಿ ಉದುರಿಸಿ ತಟ್ಟೆಯಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತರು.

ಮನೆಯವರು ಕ್ಯಾನ್ ಇಳಿಸಿ ಒಳಗೆ ಬಂದವರು ಕೇಳಿದರು, "ಏನಮ್ಮ ಅದು?"

"ನಿನ್ನ ಬಾಮೈದನ ಟೀ" ಅಂದು ತಟ್ಟೆಯನ್ನು ಅವರ ಕಡೆ ಸರಿಸಿದರು.