ಕರಕರ ಎನ್ನುವ ಫೈಲೇ ಸರಿಯಾಗಿತ್ತು

ಪಿ.ಬಿ. ಶ್ರೀನಿವಾಸ್ ತೀರಿಕೊಂಡ ದಿನ ನಮ್ಮ ಎಫ್‌ಎಂ ಸ್ಟೇಷನ್‌ನಿಂದ ಅವರಿಗೆ ಶ್ರದ್ಧಾಂಜಲಿ ಎಂದು ಹೋದ ಮೂರನೆಯ ಹಾಡನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್ ಅಲ್ಲ. ಆ ಫೈಲನ್ನು ಆರಿಸಿ ಲಾಗ್‌ಗೆ, ಅಂದರೆ ಪ್ರಸಾರದ ಪಟ್ಟಿಗೆ, ಎಳೆದವನು ನಾನು. ಬೇಡ ಎಂದು ಒಬ್ಬರು ಹೇಳಿಯೂ ಇದ್ದರು.

2013ರ ಏಪ್ರಿಲ್ 14, ಭಾನುವಾರ. ಅಂಬೇಡ್ಕರ್ ಜಯಂತಿ ಬೇರೆ. ಕಚೇರಿಯಲ್ಲಿ ನಾನು, ಸಂಜೆಯ ಶಿಫ್ಟಿನ ಆರ್‌ಜೆ, ಬಾಗಿಲಲ್ಲಿ ಸೆಕ್ಯುರಿಟಿಯವರು, ಇಷ್ಟೇ ಜನ. ಎಂಜಿನಿಯರ್ ಆನ್ ಕಾಲ್, ಎಂದರೆ ಕೆಂಗೇರಿಯ ಮನೆಯಲ್ಲಿ ಮಲಗಿದ್ದರು. ಭಾನುವಾರ ಮಧ್ಯಾಹ್ನದ ಕಾರ್ಯಕ್ರಮವೆಲ್ಲ ವಾಯ್ಸ್ ಟ್ರ್ಯಾಕ್, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತು. ಹಾಡು-ಜಾಹೀರಾತು ಬಿಡುವ ಪ್ಲೇಔಟ್ ಕಂಪ್ಯೂಟರ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ನಾವು ಚಿತ್ರಾನ್ನ ತಿನ್ನುತ್ತಿರುತ್ತೇವೆ. ಆಗ ಚೆನ್ನೈಯಿಂದ ಸುದ್ದಿ ಬಂತು. ಪಿಡಿ, ಅಂದರೆ ಪ್ರೋಗ್ರಾಂ ಡೈರೆಕ್ಟರ್, ಫೋನ್ ಮಾಡಿ ಎರಡೇ ಮಾತು ಹೇಳಿದರು: ಐದರಿಂದ ಆರು ವಿಶೇಷ ಮಾಡಿ, ಜಾಹೀರಾತಿನ ಸ್ಪಾಟ್ ಒಂದನ್ನೂ ಕೈಬಿಡಬೇಡಿ.

ಮೇ 5ಕ್ಕೆ ವಿಧಾನಸಭಾ ಚುನಾವಣೆ ಇತ್ತು. ಪ್ರತಿ ಬ್ರೇಕಿನಲ್ಲೂ ಪಕ್ಷಗಳ ಜಾಹೀರಾತು ತುಂಬಿ ತುಳುಕುತ್ತಿತ್ತು. ಒಬ್ಬ ಗಾಯಕರ ನೆನಪಿನ ಗಂಟೆಯಲ್ಲಿ ರಸ್ತೆ, ನೀರು, ಸ್ವಾಭಿಮಾನ ಎಂದು ಕೂಗುವುದು ಎಷ್ಟು ಚೆನ್ನಾಗಿರುತ್ತದೆ ಎಂದು ಟ್ರಾಫಿಕ್‌ನವರನ್ನು, ಅಂದರೆ ಜಾಹೀರಾತಿನ ವೇಳಾಪಟ್ಟಿ ನೋಡಿಕೊಳ್ಳುವವರನ್ನು, ಕೇಳಿದೆ. ಮೇಕ್‌ಗುಡ್ ಕೊಡಲು, ಅಂದರೆ ತಪ್ಪಿದ ಜಾಹೀರಾತನ್ನು ಇನ್ನೊಮ್ಮೆ ಹಾಕಿಕೊಡಲು, ಜಾಗ ಎಲ್ಲಿದೆ ಎಂದು ಅವರು ನನ್ನನ್ನೇ ಕೇಳಿದರು. ಅದೇ ಜಾಹೀರಾತುಗಳು ಇನ್ನೊಂದು ಗಂಟೆಯಲ್ಲಿ ನನ್ನ ಮಾನ ಉಳಿಸುತ್ತವೆ ಎಂದು ಆಗ ಗೊತ್ತಿರಲಿಲ್ಲ. ಇನ್ನೊಂದು ತೊಡಕು, ಖಾಸಗಿ ಎಫ್‌ಎಂನಲ್ಲಿ ನಾವೇ ಸುದ್ದಿ ಓದುವಂತಿಲ್ಲ. ಹೀಗಾಗಿ ‘ನಿಧನರಾದರು’ ಎಂಬ ಪದವನ್ನೇ ಮುಟ್ಟದೆ ಲಿಂಕ್, ಅಂದರೆ ಹಾಡುಗಳ ನಡುವಿನ ಮಾತು, ಬರೆಯುತ್ತ ಕೂತೆವು. ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕವಿತೆ ಬರೆಯುತ್ತ ಕೂರುತ್ತಿದ್ದ ಹಿರಿಯರ ಚಿತ್ರವನ್ನು ಆರ್‌ಜೆ ಬಹಳ ಚೆನ್ನಾಗಿ ಬರೆದಿದ್ದಳು. ಹಾಡು ಆರಿಸುವುದು ನನ್ನ ಪಾಲಿಗೆ ಬಂತು.

‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು’ ಇಲ್ಲದೆ ಇಂಥ ಗಂಟೆ ಆಗುವುದಿಲ್ಲ. 1971ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ಹುಡುಕಿದರೆ ಎರಡು ಫೈಲ್. ಒಂದು ಕರಕರ ಎನ್ನುತ್ತದೆ, ಲೆವೆಲ್ ಕಡಿಮೆ, ಆರಂಭದಲ್ಲೊಂದು ಟಕ್ ಎಂಬ ಸದ್ದು, ಮೋನೊ. ಇನ್ನೊಂದು ಕನ್ನಡಿಯ ಹಾಗಿದೆ: ಸ್ಟೀರಿಯೊ, ಒಂದಿಷ್ಟೂ ಹಿಸ್ ಇಲ್ಲ, ಕೊನೆಯವರೆಗೂ ಸಮ. ಎರಡಕ್ಕೂ ಗಾಯಕರ ಕಾಲಂನಲ್ಲಿ ಪಿ.ಬಿ. ಶ್ರೀನಿವಾಸ್ ಎಂದೇ ಇತ್ತು. ನಾಲ್ಕು ಸೆಕೆಂಡ್ ಕ್ಯೂ ಹಾಕಿ, ಅಂದರೆ ಪ್ರಸಾರಕ್ಕೆ ಹೋಗದಂತೆ, ಕೇಳಿದೆ. ನಾಲ್ಕೇ. ಕೇಳಿದ್ದು ಹಾಡನ್ನಲ್ಲ, ಕ್ವಾಲಿಟಿಯನ್ನು. ರೀಮಾಸ್ಟರ್ ಮಾಡಿದ್ದಿರಬೇಕು ಎಂದುಕೊಂಡೆ.

ಆದರೂ ಲೈಬ್ರರಿಯ ಮೇಷ್ಟ್ರಿಗೆ ಫೋನ್ ಮಾಡಿದೆ. ಹೈಸ್ಕೂಲಿನಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು, ಅಂದು ಮೊಮ್ಮಗಳ ನಾಮಕರಣಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಹಿಂದೆ ನಾಗಸ್ವರ, ಮಕ್ಕಳ ಗಲಾಟೆ. ವಿಷಯ ತಿಳಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಳೆಯ ಫೈಲನ್ನೇ ಹಾಕಪ್ಪ. ಕರಕರ ಎನ್ನುತ್ತದಲ್ಲ, ಅದನ್ನೇ ಹಾಕು” ಎಂದರು. “ಆಗಲಿ ಸರ್” ಎಂದೆ. ಫೋನ್ ಇಟ್ಟು, ಚೊಕ್ಕ ಫೈಲನ್ನೇ ಲಾಗ್‌ಗೆ ಎಳೆದೆ. ಮೇಷ್ಟ್ರಿಗೆ ಹಳೆಯದೆಲ್ಲ ಚಿನ್ನ ಎಂಬುದು ನಮ್ಮಲ್ಲಿ ಎಲ್ಲರೂ ಆಡುತ್ತಿದ್ದ ತಮಾಷೆ. ಮೇಲಾಗಿ ಕ್ಲೀನ್ ಹಾಡಷ್ಟೇ ಕೇಳಿಸಬೇಕು ಎಂದು ಪಿಡಿ ಪ್ರತಿ ವಾರ ಮೇಲ್ ಹಾಕುತ್ತಿದ್ದರು. ನಾನು ಹೇಳಿಕೊಂಡ ನೆಪಗಳು ಇವು. ನಿಜ ಹೇಳಬೇಕೆಂದರೆ, ಆ ಟಕ್ ಸದ್ದನ್ನು ಕತ್ತರಿಸಿ ಲೆವೆಲ್ ಏರಿಸುವ ಹತ್ತು ನಿಮಿಷದ ಕೆಲಸ ನನಗೆ ಬೇಡವಾಗಿತ್ತು.

ಎರಡನೆಯ ತಪ್ಪೂ ನನ್ನದೇ. ನಮ್ಮಲ್ಲಿ ಕರೆಗಳನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಆಮೇಲೆ ಬಿಡುವುದು ಪದ್ಧತಿ. ಇವತ್ತು ಜನರ ಮನಸ್ಸು ತುಂಬಿರುತ್ತದೆ, ನೇರವಾಗಿಯೇ ತೆಗೆದುಕೊಳ್ಳೋಣ ಎಂದು ಆರ್‌ಜೆಗೆ ಹೇಳಿದವನು ನಾನು.

ಐದು ಗಂಟೆ ಹದಿನೈದು ನಿಮಿಷದ ಹೊತ್ತಿಗೆ ಮೂರನೆಯ ಹಾಡು ಶುರುವಾಯಿತು. ಮೊದಲ ಸಾಲು ಮುಗಿಯುವುದರೊಳಗೆ ಫೋನಿನ ನಾಲ್ಕೂ ದೀಪ ಮಿನುಗತೊಡಗಿದವು. ನೋಡು, ಹೇಗೆ ಸ್ಪಂದಿಸುತ್ತಿದ್ದಾರೆ ಎಂದು ಗಾಜಿನ ಈಚೆಯಿಂದ ಹೆಬ್ಬೆರಳು ತೋರಿಸಿದೆ. ಹಾಡು ಮುಗಿಯಿತು, ಆಕೆ ಫೇಡರ್ ಏರಿಸಿ ಮೊದಲ ಕರೆ ತೆಗೆದುಕೊಂಡಳು.

“ತಾಯಿ, ನಾನು ರಾಮನಗರದಿಂದ ಮಾತನಾಡುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಈಗ ಹಾಡಿದ್ದು ಶ್ರೀನಿವಾಸ್ ಅವರಲ್ಲ. ಸಾವಿನ ಮನೆಗೆ ಹೋಗಿ ಬೇರೆ ಯಾರದೋ ಫೋಟೊಗೆ ಹಾರ ಹಾಕಿದ ಹಾಗಾಯಿತಲ್ಲ?”

ಆಕೆ ನನ್ನ ಕಡೆ ನೋಡಿದಳು. ನಾನು ಪರದೆಯ ಕಡೆ ನೋಡಿದೆ. ಗಾಯಕರು: ಪಿ.ಬಿ. ಶ್ರೀನಿವಾಸ್ ಎಂದು ಅಲ್ಲಿ ದಪ್ಪಕ್ಷರದಲ್ಲಿ ಬರೆದೇ ಇತ್ತು. ಟಾಕ್‌ಬ್ಯಾಕ್ ಒತ್ತಿ ಆಕೆಯ ಕಿವಿಗೆ ಹೇಳಿದೆ: “ಅವರೇ ಹಾಡಿದ್ದು ಎಂದು ಹೇಳು. ಅವರಿಗೆ ತಪ್ಪಾಗಿ ಕೇಳಿಸಿದೆ.”

ಹುಡುಗಿ ಹೇಳಲಿಲ್ಲ. ಮೂರು ಸೆಕೆಂಡೋ ನಾಲ್ಕು ಸೆಕೆಂಡೋ ಬರೀ ಮೌನ. ಡೆಡ್ ಏರ್ ಎಂದರೆ ಬೇರೆ ದಿನ ಎಂಜಿನಿಯರ್‌ಗೆ ಮೆಸೇಜ್ ಹೋಗುತ್ತದೆ. ಅಂದು ಆ ಮೌನದೊಳಗೆ ರಾಮನಗರದ ಹಿರಿಯರು ಉಸಿರಾಡುವುದೂ ಕೇಳುತ್ತಿತ್ತು. ಕೊನೆಗೆ ಆಕೆ, “ಸರ್, ನಿಮ್ಮ ಕಿವಿಯ ಮೇಲೆ ನನಗೆ ನಂಬಿಕೆ ಇದೆ. ನೋಡಿ ಹೇಳುತ್ತೇವೆ” ಎಂದು ಬ್ರೇಕಿಗೆ ಹೋದಳು. ಆಗ ಆಕೆಗೆ ಇಪ್ಪತ್ತಮೂರು ವರ್ಷ. ನನಗೆ ಮೂವತ್ತೆಂಟು.

ನಾನಿನ್ನೂ ಒಪ್ಪಿರಲಿಲ್ಲ. ಮುಂದಿನ ಹಾಡು ‘ಬಂಗಾರದ ಮನುಷ್ಯ’ದ ‘ಆಗದು ಎಂದು’. ಅದನ್ನು ಸುಮ್ಮನೆ ಕ್ಯೂ ಹಾಕಿದೆ. ಅಲ್ಲಿ ಹೊಟ್ಟೆಯೊಳಗೆ ಏನೋ ಜಾರಿತು. ಚಿತ್ರ ಬೇರೆ, ರಾಗ ಬೇರೆ, ಆದರೆ ಹಿಂದೆ ಟಪ್ ಟಪ್ ಎನ್ನುತ್ತಿದ್ದ ರಿದಮ್ ಪ್ಯಾಡ್ ಅದೇ. ಪಿಟೀಲುಗಳ ಜಾಗದಲ್ಲಿ ಅದೇ ಕೀಬೋರ್ಡ್, ಅದೇ ಪ್ಲಾಸ್ಟಿಕ್ ಸ್ವರ. 1971ರ ಚಿತ್ರದ್ದು ಎಂಬ ಫೈಲಿಗೂ 1972ರ ಚಿತ್ರದ್ದು ಎಂಬ ಫೈಲಿಗೂ ವಾದ್ಯ ನುಡಿಸಿದ್ದು ಮದ್ರಾಸಿನಲ್ಲಿ ಕೂತ ಕಲಾವಿದರಲ್ಲ, ಒಂದೇ ಯಂತ್ರ. ಎರಡೂ ಒಂದೇ ಸಿ.ಡಿ.ಯಿಂದ ಬಂದ ವರ್ಷನ್ ಹಾಡುಗಳು, ಅಂದರೆ ಬೇರೆಯವರಿಂದ ಮತ್ತೆ ಹಾಡಿಸಿದವು, ಮತ್ತು ಎರಡನೆಯದು ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಆನ್ ಏರ್ ಹೋಗಲು ಸಾಲಿನಲ್ಲಿ ನಿಂತಿತ್ತು.

ಆ ಎರಡು ನಿಮಿಷ ಹತ್ತು ಸೆಕೆಂಡ್ ಕೊಟ್ಟದ್ದು ಚುನಾವಣಾ ಜಾಹೀರಾತು. ಯಾವ ಪಕ್ಷದ್ದು ಎಂದು ಹೇಳುವುದಿಲ್ಲ, ಎಲ್ಲರದೂ ಇತ್ತು.

ಹುಡುಕುವುದು ಎಂದರೆ ಸುಲಭವಲ್ಲ. ನಮ್ಮ ಡೇಟಾಬೇಸಿನಲ್ಲಿ ಶ್ರೀನಿವಾಸ್ ಅವರ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ. ಒಂದರಲ್ಲಿ ಹುಡುಕಿದರೆ ಇನ್ನೊಂದರ ಹಾಡು ಬರುವುದಿಲ್ಲ. ಮೂರನೆಯ ಕಾಗುಣಿತದಲ್ಲಿ ಇನ್ನೊಂದು ‘ಆಗದು ಎಂದು’ ಸಿಕ್ಕಿತು. ಇದಾದರೂ ಮೂಲವೇ ಎಂದು ತಿಳಿಯಬೇಕಲ್ಲ. ಎಡಿಟರ್‌ನಲ್ಲಿ ತೆರೆದು, ಒಂದು ಚಾನೆಲ್‌ನ ಫೇಸ್ ತಿರುಗಿಸಿ, ಅಂದರೆ ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ, ಇನ್ನೊಂದರ ಜೊತೆ ಕೂಡಿಸಿದೆ; ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸುತ್ತವೆ. ಪೂರಾ ನಿಶ್ಶಬ್ದ. ಮೋನೊ ಎಂಬುದಕ್ಕೆ ಇಷ್ಟು ಸಾಕು, ಮೂಲ ಎಂಬುದಕ್ಕೆ ಸಾಲದು. ಮೋನೊ ಆಗಿರುವ ವರ್ಷನ್ನೂ ಇರಬಹುದು, ಮೂಲವನ್ನೇ ಸ್ಟೀರಿಯೊದಂತೆ ಅಗಲಿಸಿ ಮಾರಿದ್ದೂ ಇದೆ. ಉಳಿದದ್ದು ಕಿವಿ. ಹೆಡ್‌ಫೋನ್ ಒತ್ತಿ ಹಿಡಿದು ಈ ಸಲ ಹಾಡನ್ನು ಕೇಳಿದೆ. ವಾದ್ಯದವರೆಲ್ಲ ಒಂದೇ ಕೋಣೆಯಲ್ಲಿ ಕೂತಿರುವುದು ಗೊತ್ತಾಗುತ್ತಿತ್ತು. ದನಿಯ ಮೈಕಿನೊಳಗೆ ತಬಲ ಸೋರಿತ್ತು. ಲಯ ಚರಣದ ಕೊನೆಯಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತಿತ್ತು, ಯಂತ್ರ ಅದನ್ನು ಮಾಡುವುದಿಲ್ಲ. ದನಿಯಂತೂ, ಶ್ರೀನಿವಾಸ್ ಗಟ್ಟಿಯಾಗಿ ಹಾಡುವುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳುತ್ತಾರೆ, ನಾವು ಅದನ್ನು ಹಾಡು ಎನ್ನುತ್ತೇವೆ. ಅನುಕರಿಸುವವರು ಆ ಮೃದುತನವನ್ನು ಹಿಡಿಯುತ್ತಾರೆ, ಹೇಳುವುದನ್ನು ಹಿಡಿಯುವುದಿಲ್ಲ.

ಕೊನೆಯ ಸ್ಪಾಟಿಗೆ ಹನ್ನೊಂದು ಸೆಕೆಂಡ್ ಬಾಕಿ ಇರುವಾಗ ಫೈಲ್ ಬದಲಾಯಿತು. ಲೆವೆಲ್ ಸರಿಪಡಿಸಲು ಸಮಯವಿಲ್ಲದೆ ಆಕೆ ಫೇಡರನ್ನೇ ಕೈಯಲ್ಲಿ ಹಿಡಿದು ನಿಂತಳು. ಹಾಡಿಗೆ ಮೊದಲು ತಾನಾಗಿಯೇ ಕ್ಷಮೆ ಕೇಳಿದಳು. ನಾನು ಬರೆದುಕೊಟ್ಟಿರಲಿಲ್ಲ.

ಸೋಮವಾರದ ಮೀಟಿಂಗ್‌ನಲ್ಲಿ ಪಿಡಿ ಕೇಳಿದ ಪ್ರಶ್ನೆ: “ಹಾಡು ಅದೇ ತಾನೆ?” ಅವರು ಕನ್ನಡದವರಲ್ಲ ಎಂದು ನಾವು ಮುಸಿಮುಸಿ ನಕ್ಕೆವು, ಆದರೆ ಹಿಂದಿನ ದಿನ ನಾನು ಮಾಡಿದ್ದೂ ಅದೇ ಪ್ರಶ್ನೆಯ ಆಧಾರದ ಮೇಲೆ. ಹಾಡು ಅದೇ. ಸಾಹಿತ್ಯ ಚಿ. ಉದಯಶಂಕರ್ ಅವರದೇ, ಧಾಟಿ ವೆಂಕಟೇಶ್ ಅವರದೇ. ರೆಕಾರ್ಡಿಂಗ್ ಮಾತ್ರ ಬೇರೆ, ಮತ್ತು ಅಂದಿನ ಗಂಟೆ ಇದ್ದದ್ದು ಹಾಡಿಗಾಗಿ ಅಲ್ಲ, ಒಂದು ದನಿಗಾಗಿ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ‘ಯಾರೇ ಕೂಗಾಡಲಿ’ ಹಾಡಿದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮುಂಚಿನ ಎಷ್ಟೋ ವರ್ಷ ಪರದೆಯ ಮೇಲಿನ ಆ ಮುಖಕ್ಕೆ ಶ್ರೀನಿವಾಸ್ ದನಿ ಕೊಟ್ಟಿದ್ದರು. ಬದುಕಿಡೀ ಇನ್ನೊಬ್ಬರ ಮುಖದ ಹಿಂದೆ ನಿಂತವರ ಹೆಸರನ್ನು, ಅವರು ಹೋದ ದಿನ, ನಾನು ಇನ್ನೊಬ್ಬರ ದನಿಯ ಮುಂದೆ ನಿಲ್ಲಿಸಿದೆ.

ಮೀಟಿಂಗ್‌ನ ಫಲವಾಗಿ ಒಂದು ಎಕ್ಸೆಲ್ ಶೀಟ್ ಹುಟ್ಟಿತು. ‘ಮೂಲವೇ? ಹೌದು/ಇಲ್ಲ’ ಎಂಬ ಕಾಲಂ. ಏಳು ಸಾವಿರ ಹಾಡು, ತುಂಬಬೇಕಾದವರು ಮೇಷ್ಟ್ರು ಒಬ್ಬರೇ, ಹೆಚ್ಚುವರಿ ಸಂಬಳ ಸೊನ್ನೆ. ಇನ್ನೂರರ ಆಸುಪಾಸಿನಲ್ಲಿ ಅದು ನಿಂತಿತು.

ಮಂಗಳವಾರ ಬಂದ ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೀರುವಿನಿಂದ ಆ ಸಿ.ಡಿ. ತೆಗೆದು, ಒಳಗಿನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ ಶ್ರೀನಿವಾಸ್ ಹಾಡುಗಳು ಎಂದು ದೊಡ್ಡದಾಗಿ, ಹಿಂದೆ ಇರುವೆಯ ಗಾತ್ರದಲ್ಲಿ ವರ್ಷನ್ ರೆಕಾರ್ಡಿಂಗ್ ಎಂದು. ಕಳ್ಳಮಾಲಲ್ಲ. ಎಂಬತ್ತರ ದಶಕದಿಂದ ಅಗ್ಗದ ಕ್ಯಾಸೆಟ್ ಕಂಪನಿಗಳು ಬದುಕಿದ್ದೇ ಇದರಿಂದ. 1957ರ ಕೃತಿಸ್ವಾಮ್ಯ ಕಾಯ್ದೆ ಅದಕ್ಕೆ ದಾರಿ ಬಿಟ್ಟಿತ್ತು: ಮೂಲ ಧ್ವನಿಮುದ್ರಣವಾಗಿ ಎರಡು ವರ್ಷ ಕಳೆದ ಮೇಲೆ, ನೋಟಿಸ್ ಕೊಟ್ಟು, ಸಾಹಿತ್ಯ-ಸಂಗೀತದ ರಾಯಧನ ಕಟ್ಟಿ, ಬೇರೆಯವರಿಂದ ಹಾಡಿಸಬಹುದು. 2012ರ ತಿದ್ದುಪಡಿ ಆ ಎರಡನ್ನು ಐದು ವರ್ಷ ಮಾಡಿತು, ಐವತ್ತು ಸಾವಿರ ಪ್ರತಿಗಳಿಗಾದರೂ ರಾಯಧನ ಕಟ್ಟಬೇಕು ಎಂದಿತು, ಇದು ಕವರ್ ವರ್ಷನ್ ಎಂದು ಹೊದಿಕೆಯ ಮೇಲೆ ಬರೆಯಲೇಬೇಕು ಎಂದಿತು.

ಹೊದಿಕೆಯ ಮೇಲೆ. ಅಲ್ಲೇ ಇರುವುದು ಎಡವಟ್ಟು. ಸ್ಟೇಷನ್ ಶುರುವಾಗುವಾಗ ಸಿ.ಡಿ.ಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಹುಡುಗರ ಕೈಯಲ್ಲಿ ರಿಪ್ ಮಾಡಿಸಿದ್ದರು. ಹಾಡು ಕಂಪ್ಯೂಟರಿಗೆ ಹೋಯಿತು, ಹೊದಿಕೆ ಬೀರುವಿನಲ್ಲೇ ಉಳಿಯಿತು. ಹುಡುಗರು ಮುಂದಿನ ದೊಡ್ಡ ಹೆಸರನ್ನು ಗಾಯಕರ ಕಾಲಂಗೆ ಬಡಿದರು. ಅದೇ ನನಗೆ ವೇದವಾಕ್ಯವಾಯಿತು. ಮೇಷ್ಟ್ರು ಇದನ್ನು ಮೊದಲೇ ಕಂಡು, ಅಂಥ ಫೈಲುಗಳ ಕಾಮೆಂಟ್ ಫೀಲ್ಡಿನಲ್ಲಿ ‘ವ’ ಎಂದು ಗುರುತು ಹಾಕಿದ್ದರಂತೆ. ಹುಡುಕಿದಾಗ ಕಾಣುವ ಪಟ್ಟಿಯಲ್ಲಿ ಆ ಫೀಲ್ಡ್ ಬರುವುದೇ ಇಲ್ಲ. ಅದನ್ನು ಕಾಣುವಂತೆ ಮಾಡಿ ಎಂದು ಅವರು ಎರಡು ವರ್ಷದ ಹಿಂದೆ ಮೇಲ್ ಹಾಕಿದ್ದರು. ಮೇಲ್ ಬಂದದ್ದು ನನಗೆ. ಅದಿನ್ನೂ ಇನ್‌ಬಾಕ್ಸಿನಲ್ಲಿ ಇತ್ತು, ಓದದೆ.

ರಾಮನಗರದ ಹಿರಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರಿಗೆ ನನ್ನ ಕ್ಷಮೆಯಲ್ಲಿ ಆಸಕ್ತಿ ಇರಲಿಲ್ಲ. “ಹಾಡಿದ ಆ ಹುಡುಗ ಯಾರು? ಶ್ರುತಿ ಚೆನ್ನಾಗಿತ್ತು” ಎಂದರು.

ಕಾರ್ಡನ್ನು ಮತ್ತೆ ತೆಗೆದು ನೋಡಿದೆ. ಹನ್ನೆರಡು ಹಾಡು, ಕೊನೆಯಲ್ಲಿ ನಾಲ್ಕು ಗಾಯಕರ ಹೆಸರು ಒಟ್ಟಿಗೆ. ಯಾವುದನ್ನು ಯಾರು ಹಾಡಿದರು ಎಂದು ಬರೆದಿಲ್ಲ. ಕಂಪನಿ ಮುಚ್ಚಿಹೋಗಿತ್ತು. ಆ ಫೈಲಿನಿಂದ ಶ್ರೀನಿವಾಸ್ ಹೆಸರನ್ನು ಅಳಿಸಿ ಕಾಲಂ ಖಾಲಿ ಬಿಡಲು ನೋಡಿದೆ. ಖಾಲಿ ಬಿಟ್ಟರೆ ನಮ್ಮ ಸಾಫ್ಟ್‌ವೇರ್ ಸೇವ್ ಆಗುವುದಿಲ್ಲ, ಕೆಂಪು ಗೆರೆ ಎಳೆದು ನಿಲ್ಲಿಸುತ್ತದೆ. ‘ಗೊತ್ತಿಲ್ಲ’ ಎಂದು ಟೈಪ್ ಮಾಡಿದೆ. ಮರುದಿನ ನೋಡಿದರೆ ರಾತ್ರಿಯ ಸಿಂಕ್ ಅದನ್ನು ಹಳೆಯ ಹೆಸರಿಗೆ ಮರಳಿಸಿತ್ತು.