ಷೆಡ್ಯೂಲಿನಲ್ಲಿ ಹೆಸರಿಲ್ಲ ಎಂದರೆ ನಿಷೇಧವಿಲ್ಲ ಎಂದಲ್ಲ

ಕಾರ್ಖಾನೆಗೋ ಲ್ಯಾಬಿಗೋ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಡಿಕ್ಲರೇಶನ್ (ರಾಸಾಯನಿಕಗಳ ಬಗೆಗಿನ ಘೋಷಣೆ) ತಯಾರಿಸುವವರು ಮೊದಲು ಕೈಗೆತ್ತಿಕೊಳ್ಳುವುದು ಅದರ ಮೂರು ಷೆಡ್ಯೂಲುಗಳನ್ನು, ಅಂದರೆ ರಾಸಾಯನಿಕಗಳ ಪಟ್ಟಿಗಳನ್ನು. ಸ್ಟಾಕ್ ರಿಜಿಸ್ಟರಿನ ಸಿಎಎಸ್ ನಂಬರುಗಳನ್ನು (ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಷೆಡ್ಯೂಲಿನ ನಂಬರುಗಳ ಜತೆ ತಾಳೆ ನೋಡುತ್ತಾರೆ. ಯಾವುದೂ ಹೊಂದದಿದ್ದರೆ ‘ಅನ್ವಯಿಸುವುದಿಲ್ಲ’ ಎಂದು ಬರೆದು ಫೈಲು ಮುಚ್ಚುತ್ತಾರೆ. ಈ ಕೆಲಸದಲ್ಲಿ ದೊಡ್ಡ ತಪ್ಪುಗಳು ಹುಟ್ಟುವುದು ಇಲ್ಲೇ.

ಷೆಡ್ಯೂಲ್ 1ರ ಮೊದಲ ಸಾಲನ್ನೇ ನೋಡಿ. ಅಲ್ಲಿರುವುದು ಒಂದು ರಾಸಾಯನಿಕವಲ್ಲ, ಒಂದು ಇಡೀ ಕುಟುಂಬ. ನರಮಂಡಲವನ್ನು ಕೆಡಿಸುವ ಸಾರಿನ್, ಸೋಮನ್ ಎಂಬ ನರ್ವ್ ಏಜೆಂಟುಗಳೆರಡೂ ಅದರಡಿ ‘ಉದಾಹರಣೆಗೆ’ ಎಂದು ಬಂದಿರುವ ಹೆಸರುಗಳಷ್ಟೇ. ಉಳಿದ ಸದಸ್ಯರಿಗೆ ಅಲ್ಲಿ ನಂಬರೇ ಇಲ್ಲ. ಜಲಜನಕದ ಜಾಗದಲ್ಲಿ ಡ್ಯೂಟೀರಿಯಂ (ಅದರದೇ ಭಾರವಾದ ಐಸೋಟೋಪ್) ಇರುವ ಸ್ಟ್ಯಾಂಡರ್ಡ್ (ಪರೀಕ್ಷೆಯಲ್ಲಿ ಹೋಲಿಸಲು ಬಳಸುವ ಮಾದರಿ) ತರಿಸಿದರೆ ಅದಕ್ಕೆ ಬೇರೆಯೇ ಸಿಎಎಸ್ ನಂಬರು. ಕನ್ನಡಿ ರೂಪವೊಂದನ್ನು ಬೇರ್ಪಡಿಸಿದರೆ ಅದಕ್ಕೆ ಇನ್ನೊಂದು. ಒಪ್ಪಂದವನ್ನು ಜಾರಿಗೊಳಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಒಪಿಸಿಡಬ್ಲ್ಯುನ ವೈಜ್ಞಾನಿಕ ಸಲಹಾ ಮಂಡಳಿ ಇಂಥವನ್ನೆಲ್ಲ ಮೂಲ ರಾಸಾಯನಿಕದ ಜತೆಗೇ ಎಣಿಸಬೇಕೆಂದು ಸಲಹೆ ಕೊಟ್ಟಿದೆ. ಹಾಗಾಗಿ ರಿಜಿಸ್ಟರಿನಲ್ಲಿ ನಂಬರಿನ ಪಕ್ಕ ಅಣುವಿನ ರಚನೆಯನ್ನೂ ದಾಖಲಿಸಿ. ಹುಡುಕುವ ಮುನ್ನ ಐಸೋಟೋಪ್ ಗುರುತು, ಸ್ಟೀರಿಯೋ ಗುರುತು (ಕನ್ನಡಿ ರೂಪ ಯಾವುದೆಂಬುದು) ಎರಡನ್ನೂ ತೆಗೆದುಹಾಕಿ, ಆಮೇಲೆ ಕುಟುಂಬದ ನಿಯಮ ಹೇಳುವ ಭಾಗ ಅಣುವಿನಲ್ಲಿದೆಯೇ ಎಂದು ಸಬ್‌ಸ್ಟ್ರಕ್ಚರ್ ಸರ್ಚ್ ಮಾಡಿ. ಲವಣಗಳ ವಿಷಯದಲ್ಲಿ ಒಂದೊಂದು ಸಾಲು ಒಂದೊಂದು ಥರ ಇದೆ. ಅದನ್ನು ಸಾಫ್ಟ್‌ವೇರಿಗೆ ಬಿಡದೆ ಕಣ್ಣಾರೆ ಓದಬೇಕು.

ಇಷ್ಟು ಮಾಡಿದರೂ ಷೆಡ್ಯೂಲು ವಿಜ್ಞಾನಕ್ಕಿಂತ ಹಿಂದೆಯೇ ಇರುತ್ತದೆ. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೊವಿಚೋಕ್ ಎಂಬ ನರ್ವ್ ಏಜೆಂಟುಗಳ ಗುಂಪಿನ ವಿಷ ಬಳಕೆಯಾದಾಗ ಆ ಗುಂಪು ಯಾವ ಷೆಡ್ಯೂಲಿನಲ್ಲೂ ಇರಲಿಲ್ಲ. 2019ರ ನವೆಂಬರ್‌ನಲ್ಲಿ ಸದಸ್ಯ ದೇಶಗಳು ಸೇರ್ಪಡೆಗೆ ಒಪ್ಪಿದವು, ಜಾರಿಗೆ ಬಂದದ್ದು 2020ರ ಜೂನ್ 7ರಂದು. ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಯಾದ ಮೇಲೆ ಷೆಡ್ಯೂಲಿಗೆ ಆದ ಮೊದಲ ಸೇರ್ಪಡೆ ಅದು. ಹಾಗಾದರೆ 2018ರಲ್ಲಿ ಅದು ಕಾನೂನುಬದ್ಧವಾಗಿತ್ತೇ? ಖಂಡಿತ ಇಲ್ಲ. ಎರಡನೇ ವಿಧಿಯ ಪ್ರಕಾರ ನಿಷೇಧ ನಿಂತಿರುವುದು ಉದ್ದೇಶದ ಮೇಲೆ: ಒಪ್ಪಂದ ಅನುಮತಿಸದ ಉದ್ದೇಶಕ್ಕೆ ಇಟ್ಟುಕೊಂಡ ಯಾವುದೇ ವಿಷಕಾರಿ ರಾಸಾಯನಿಕವೂ ಅಸ್ತ್ರವೇ, ಅದು ಎಲ್ಲಿಂದ ಬಂತು, ಹೇಗೆ ತಯಾರಾಯಿತು ಎಂಬುದು ಮುಖ್ಯವಲ್ಲ. ಏನನ್ನು ವರದಿ ಮಾಡಬೇಕು, ಎಲ್ಲಿ ತಪಾಸಣೆ ನಡೆಯಬೇಕು ಎಂದು ಹೇಳುವುದಷ್ಟೇ ಷೆಡ್ಯೂಲಿನ ಕೆಲಸ. ಹೊಸಬರಿಗೆ ತರಬೇತಿ ಕೊಡುವಾಗ ಷೆಡ್ಯೂಲಿಗಿಂತ ಮೊದಲು ಈ ವಿಧಿಯನ್ನು ಓದಿಸಬೇಕು.

ಕೊಳವೆಯಲ್ಲಿ ಹರಿಯುತ್ತಲೇ ರಾಸಾಯನಿಕ ಕ್ರಿಯೆ ನಡೆಯುವ ಫ್ಲೋ ರಿಯಾಕ್ಟರುಗಳು ತಂದಿರುವ ತೊಡಕು ಬೇರೆ ಥರದ್ದು. ಕಂತು ಕಂತಾಗಿ ತಯಾರಿಸುವ ಬ್ಯಾಚ್ ಪದ್ಧತಿಯಲ್ಲಿ ಪ್ರತಿ ಹಂತದಲ್ಲಿ ನಡುವೆ ಹುಟ್ಟುವ ವಸ್ತು, ಅಂದರೆ ಇಂಟರ್‌ಮೀಡಿಯೆಟ್ ಡ್ರಮ್ಮಿಗೆ ಬರುತ್ತಿತ್ತು, ತೂಕವಾಗುತ್ತಿತ್ತು, ರಿಜಿಸ್ಟರಿನಲ್ಲಿ ಕಾಣುತ್ತಿತ್ತು. ಫ್ಲೋ ಪದ್ಧತಿಯಲ್ಲಿ ಅದು ಕೊಳವೆಯೊಳಗೇ ಹುಟ್ಟಿ, ಮುಂದಿನ ಹಂತದಲ್ಲಿ ಅಲ್ಲೇ ಖರ್ಚಾಗಿಬಿಡುತ್ತದೆ. ‘ನಾವು ಹೊರತೆಗೆದೇ ಇಲ್ಲ, ಹಾಗಾಗಿ ಉತ್ಪಾದಿಸಿಲ್ಲ’ ಎನ್ನುವ ವಾದ ನಿಲ್ಲುವುದಿಲ್ಲ. ಷೆಡ್ಯೂಲ್ 2 ಮತ್ತು 3ರ ಬಗ್ಗೆ 2004ರಲ್ಲೇ ಆದ ತೀರ್ಮಾನದಂತೆ, ಬೇರ್ಪಡಿಸಲು ಸಾಧ್ಯವಾಗುವಷ್ಟು ಹೊತ್ತು ಸ್ಥಿರವಾಗಿರುವ ಇಂಟರ್‌ಮೀಡಿಯೆಟ್ ಲೆಕ್ಕಕ್ಕೆ ಸೇರುತ್ತದೆ, ಯಾರೂ ಬೇರ್ಪಡಿಸದಿದ್ದರೂ. ತೂಕ ಮಾಡಲಾಗದ್ದನ್ನು ಲೆಕ್ಕ ಹಾಕುವುದು ಮೆಟೀರಿಯಲ್ ಬ್ಯಾಲೆನ್ಸ್‌ನಿಂದ: ಗಂಟೆಗೆ ಒಳಹೋದ ಕಚ್ಚಾವಸ್ತು, ಆ ಹಂತದ ಪರಿವರ್ತನೆಯ ಪ್ರಮಾಣ, ವರ್ಷದಲ್ಲಿ ಓಡಿದ ಒಟ್ಟು ಗಂಟೆ. ಡಿಕ್ಲರೇಶನ್ ಮಿತಿ ಷೆಡ್ಯೂಲ್ 2ರ ‘ಬಿ’ ಭಾಗಕ್ಕೆ (ವಿಷ ತಯಾರಿಸಲು ಬೇಕಾಗುವ ಪೂರ್ವವಸ್ತುಗಳು) ವರ್ಷಕ್ಕೆ 1 ಟನ್, ಷೆಡ್ಯೂಲ್ 3ಕ್ಕೆ 30 ಟನ್. ಅಂಗೈಯಗಲದ ರಿಯಾಕ್ಟರ್ ಕೂಡ ಹಗಲಿರುಳು ಓಡಿದರೆ ಗಂಟೆಗೆ 120 ಗ್ರಾಂ ಲೆಕ್ಕದಲ್ಲಿ ವರ್ಷಕ್ಕೆ 1 ಟನ್ ದಾಟುತ್ತದೆ. ರಿಯಾಕ್ಟರಿನ ಗಾತ್ರ ನೋಡಿ ‘ಇದೇನು ಮಹಾ’ ಎನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ.

ಫರ್ಮೆಂಟೇಶನ್ ಮಾಡುವವರಿಗೂ ಇಂಥದ್ದೇ ಪ್ರಶ್ನೆಯಿದೆ. ಷೆಡ್ಯೂಲಿನಲ್ಲಿಲ್ಲದ ಸಾವಯವ ರಾಸಾಯನಿಕಗಳನ್ನು ‘ಸಿಂಥೆಸಿಸ್ ಮೂಲಕ’ ವರ್ಷಕ್ಕೆ ಒಟ್ಟು 200 ಟನ್ನಿಗಿಂತ ಹೆಚ್ಚು ತಯಾರಿಸುವ ಘಟಕ ಡಿಕ್ಲರೇಶನ್ ಕೊಡಬೇಕು. ಕಿಣ್ವದಿಂದಲೋ ಸೂಕ್ಷ್ಮಜೀವಿಯಿಂದಲೋ ತಯಾರಾದದ್ದು ಸಿಂಥೆಸಿಸ್ ಆಗುತ್ತದೆಯೇ? ಆಗಬೇಕು ಎಂಬುದು ಸಲಹಾ ಮಂಡಳಿಯ ನಿಲುವು, ವಿಜ್ಞಾನದ ದೃಷ್ಟಿಯಿಂದ ಅದೇ ಸರಿ. ಅಣುವಿಗೆ ತಾನು ಫ್ಲಾಸ್ಕಿನಲ್ಲಿ ಹುಟ್ಟಿದೆನೋ ಯೀಸ್ಟಿನಲ್ಲಿ ಹುಟ್ಟಿದೆನೋ ಗೊತ್ತಿರುವುದಿಲ್ಲ. ಸಂಶಯ ಬಂದರೆ ಒಪ್ಪಂದವನ್ನು ನಿಮ್ಮ ದೇಶದಲ್ಲಿ ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ, ಉತ್ತರವನ್ನು ಫೈಲಿನಲ್ಲಿಡಿ.

ಇನ್ನು ಎಐ. 2022ರಲ್ಲಿ ಔಷಧ ಹುಡುಕಾಟದ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. ವಿಷತ್ವವನ್ನು ದೂರವಿಡಲು ಕಲಿತಿದ್ದ ಮಾಡೆಲ್‌ಗೆ ಅದನ್ನೇ ಅರಸುವಂತೆ ಹೇಳಿದಾಗ, 6 ಗಂಟೆಯೊಳಗೆ 40,000 ಅಣುಗಳ ಪಟ್ಟಿ ಬಂತು. ಅದರಲ್ಲಿ ವಿಎಕ್ಸ್ ಎಂಬ ನರ್ವ್ ಏಜೆಂಟ್ ಇತ್ತು, ಹಿಂದೆ ಯಾರೂ ವಿವರಿಸದ ಅಣುಗಳೂ ಇದ್ದವು. ಕಂಪ್ಯೂಟರಿನಲ್ಲಿ ಬಂದದ್ದೆಲ್ಲ ತಯಾರಾಗುತ್ತದೆ ಎಂದಲ್ಲ; ಆ ಅಂತರ ದೊಡ್ಡದು. ಆದರೆ ಮೊದಲ ವಿಧಿ ನಿಷೇಧಿಸುವ ಕೃತ್ಯಗಳಲ್ಲಿ ‘ಅಭಿವೃದ್ಧಿಪಡಿಸುವುದು’ ಉತ್ಪಾದನೆಗಿಂತ ಮೊದಲೇ ಬರುತ್ತದೆ. ವಿಷತ್ವ ಅಂದಾಜಿಸುವ ಮಾಡೆಲ್ ಬಳಸುವ ತಂಡ ಅದನ್ನು ಯಾರು, ಯಾವಾಗ, ಯಾವ ಸೆಟ್ಟಿಂಗಿನಲ್ಲಿ ಓಡಿಸಿದರು ಎಂಬ ಲಾಗ್ ಇಡಲಿ. ಅದರ ಪಟ್ಟಿಗಳನ್ನು ಎಲ್ಲರೂ ತೆರೆಯಬಹುದಾದ ಫೋಲ್ಡರಿನಲ್ಲಿ ಬಿಡದಿರಲಿ.

ವಿಜ್ಞಾನವು ನಿಷೇಧವನ್ನು ಕಾಯುವವರ ಕೈಯನ್ನೂ ಬಲಪಡಿಸಿದೆ. ನರ್ವ್ ಏಜೆಂಟ್ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಬಿಡುವ ಗುರುತು, ಏಜೆಂಟ್ ಮಾಯವಾಗಿ ವಾರಗಳಾದ ಮೇಲೂ ಸಿಗುತ್ತದೆ.

ಕೊನೆಯದಾಗಿ, ಕ್ಯಾಲೆಂಡರಿನ ಮಾತು. ಷೆಡ್ಯೂಲ್ 2, 3ರ ಮುಂದಿನ ವರ್ಷದ ಯೋಜನೆಯನ್ನು ದೇಶಗಳು ವರ್ಷ ಶುರುವಾಗುವ 60 ದಿನ ಮುಂಚೆಯೇ ಒಪಿಸಿಡಬ್ಲ್ಯುಗೆ ತಿಳಿಸಬೇಕು. ನಡುವೆ ಹೊಸದಾಗಿ ಸೇರಿದ ಚಟುವಟಿಕೆಯನ್ನು ಅದು ಶುರುವಾಗುವ ಕನಿಷ್ಠ 5 ದಿನ ಮುಂಚೆ. ನೀವು ಪ್ರಾಧಿಕಾರಕ್ಕೆ ಕೊಡಬೇಕಾದ ಗಡುವು ಅದಕ್ಕಿಂತ ಮೊದಲೇ ಬರುತ್ತದೆ. ಆದ್ದರಿಂದ ಪ್ರಕ್ರಿಯೆ ಬದಲಿಸುವ ಫಾರ್ಮಿನಲ್ಲೇ ‘ಹೊಸ ಇಂಟರ್‌ಮೀಡಿಯೆಟ್ ಇದೆಯೇ, ಅದರ ರಚನೆ ಏನು’ ಎಂಬ ಕಾಲಂ ಇರಲಿ. ಅದು ಭರ್ತಿಯಾಗದೆ ಟ್ರಯಲ್ ಬ್ಯಾಚಿಗೆ ಸಹಿ ಬೀಳಬಾರದು.